ಕೋಳಿ ಅಂಗಡಿಯ ನಿಶ್ಶಸ್ತ್ರೀಕರಣ

ನಮ್ಮಲ್ಲಿ ಯಾರೂ ಆಯುಧ ಕೆಳಗಿಡುವುದಿಲ್ಲ ಎಂದು ಕೊರಗುವವರು 2025ರ ಜನವರಿ ಕೊನೆಯಲ್ಲಿ ಹುಣಸಮಾರನಹಳ್ಳಿ ಕಡೆ ಬಂದು ಹೋಗಬೇಕಿತ್ತು. ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಜನವರಿ 23ರಿಂದ ಫೆಬ್ರುವರಿ 17ರವರೆಗೆ ಮಾಂಸ ಮಾರುವಂತಿಲ್ಲ, ಹೋಟೆಲಿನಲ್ಲಿ ಬಡಿಸುವಂತೆಯೂ ಇಲ್ಲ ಎಂದು ಪಾಲಿಕೆಯ ಆದೇಶ. ಅಂಗಡಿಗಳ ಶಟರ್ ಸರ್ರನೆ ಇಳಿದವು. ಕೊರಡಿನ ಮೇಲೆ ಬೆಳಗಿನಿಂದ ರಾತ್ರಿವರೆಗೆ ಟಕಟಕ ಎನ್ನುತ್ತಿದ್ದ ಕತ್ತಿ ತೊಳೆಸಿಕೊಂಡು, ಎಣ್ಣೆ ಸವರಿಸಿಕೊಂಡು, ಹಳೇ ಪೇಪರು ಸುತ್ತಿಕೊಂಡು ಅಟ್ಟ ಸೇರಿತು. ಒಂದು ಸಂಧಾನ ಸಭೆಯಿಲ್ಲ, ಒಂದು ಒಪ್ಪಂದವಿಲ್ಲ. ಇಷ್ಟು ಸಲೀಸಾಗಿ ಶಸ್ತ್ರತ್ಯಾಗ ಮಾಡಿಸಿದ್ದನ್ನು ವಿಶ್ವಸಂಸ್ಥೆಯವರೂ ಕಂಡಿರಲಿಕ್ಕಿಲ್ಲ.

ಕಾರಣವೇನೋ ಸರಿಯಾದದ್ದೇ. ಮಾಂಸದ ಕಸಕ್ಕೆ ಹದ್ದು ಬರುತ್ತದೆ, ಹದ್ದು ಎಂಜಿನ್ನಿಗೆ ನುಗ್ಗಿದರೆ ವಿಮಾನ ಬೀಳುತ್ತದೆ. ತಕರಾರಿಲ್ಲ. ಆದರೆ ಕೋಳಿ ಕತ್ತಿ ಅಟ್ಟಕ್ಕೇರಿದ್ದು ಯಾರು ಬರುತ್ತಾರೆಂದು? 1996ರಿಂದ ಎರಡು ವರ್ಷಕ್ಕೊಮ್ಮೆ ವಾಯುನೆಲೆಯ ಬೇಲಿಯಾಚೆ ಕೂಡುವ ವೈಮಾನಿಕ ಪ್ರದರ್ಶನ ಏರೋ ಇಂಡಿಯಾ ಬರುತ್ತದೆಂದು. ಆ ಸಲ ರಷ್ಯಾದ ಸು-57 ಮತ್ತು ಅಮೆರಿಕದ ಎಫ್-35 ಎರಡೂ ಬಂದು ನಿಂತಿದ್ದವು. ಸೂಟು ತೊಟ್ಟವರು ಕ್ಷಿಪಣಿ ಪಕ್ಕದಲ್ಲಿ ನಿಂತು ಕೈಕುಲುಕಿ ಫೋಟೊ ತೆಗೆಸಿಕೊಂಡರು. ಐದು ದಿನದ ಆ ಜಾತ್ರೆಗೆ ಕೋಳಿ ಅಂಗಡಿಯವನಿಗೆ 26 ದಿನದ ವ್ಯಾಪಾರ ಖೋತಾ. ಅವನ ಕೈಲಿದ್ದರೆ ಅದು ಕತ್ತಿ, ಬೇಲಿಯಾಚೆ ಇದ್ದರೆ ಅಭಿವೃದ್ಧಿ.

2006ರಲ್ಲಿ ಜಿನೀವಾದಲ್ಲಿ ಹತ್ತಾರು ದೇಶಗಳು ಕೂತು ಒಂದು ಘೋಷಣೆ ಹೊರಡಿಸಿದವು: ಸಶಸ್ತ್ರ ಹಿಂಸೆ ಇಳಿಸಿ, ಅಭಿವೃದ್ಧಿಗೆ ದಾರಿಯಾಗುತ್ತದೆ. ಪಾಪ, ಅವರು ಬಳ್ಳಾರಿ ರಸ್ತೆಯಲ್ಲಿ ಓಡಾಡಿದವರಲ್ಲ. ಇಲ್ಲಿ ಅಭಿವೃದ್ಧಿ ಮುಂದೆ ಬಂತು, ಮಚ್ಚು ಅದರ ಹಿಂದೆಯೇ ಬಂತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ರಾಗಿ ಹೊಲಕ್ಕೂ ಚದರಡಿ ಲೆಕ್ಕ. ಅಪ್ಪ ಜಿಪಿಎ ಬರೆದುಕೊಟ್ಟ ಜಮೀನಿಗೆ ಮಗ ತಕರಾರು ಅರ್ಜಿ ಹಾಕಿದ. ಮದುವೆಯಾಗಿ ಹೋಗಿದ್ದ ಅಕ್ಕ ಭಾಗ ಕೇಳಿದಳು. ಒಂದೇ ಸೈಟಿಗೆ ಮೂರು ಸೇಲ್ ಡೀಡು, ಮೂವರ ಕೈಲೂ ಸ್ಟಾಂಪು ಬಿದ್ದ ಕಾಗದ. ಸಿವಿಲ್ ಕೋರ್ಟಿಗೆ ಹೋದರೆ ತೀರ್ಪು ಓದುವುದು ಮೊಮ್ಮಕ್ಕಳು. 'ಹುಡುಗರನ್ನ' ಕಳಿಸಿದರೆ ಶುಕ್ರವಾರ ಮಾತುಕತೆ, ಸೋಮವಾರದೊಳಗೆ ಕಾಂಪೌಂಡು. ಸರ್ಕಾರ ತಡ ಮಾಡುವ ಕೆಲಸವನ್ನು ಬೇಗ ಮುಗಿಸಿಕೊಡುವುದಕ್ಕೆ ನಾಡಿನಲ್ಲಿ ಎಲ್ಲೆಲ್ಲೂ ಏಜೆಂಟರಿದ್ದಾರೆ. ಈ ಏಜೆಂಟರ ಹತ್ತಿರ ಮಚ್ಚು ಇರುತ್ತದೆ, ಅಷ್ಟೇ ವ್ಯತ್ಯಾಸ.

ಕಾನೂನಿಲ್ಲವೇ? ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುತ್ತದೆ. ಮನೆಬಳಕೆಗೋ ಬೇಸಾಯಕ್ಕೋ ಮಾಡಿದ್ದಾದರೆ ವಿನಾಯಿತಿ. ಮಚ್ಚು ಹುಟ್ಟಿನಿಂದ ಬೇಸಾಯದ ಸಾಮಾನು. ಹೊಲವೆಲ್ಲ ಲೇಔಟಾದರೂ ಅದರ ಜಾತಿ ಬದಲಾಗಿಲ್ಲ. ಸರ್ವಿಸ್ ರಸ್ತೆಯಲ್ಲಿ ಎಳನೀರು ಕೊಚ್ಚುವವನ ಕೈಲಿರುವುದೂ ಮಚ್ಚೇ, ಕಪ್ಪು ಗಾಜಿನ ಕಾರಿನಲ್ಲಿ ಸೀಟಿನ ಕೆಳಗೆ ಮಲಗಿರುವುದೂ ಮಚ್ಚೇ. ಕಾರಿನವರು ಯಾವ ಬೆಳೆ ಕೊಯ್ಯಲು ಹೊರಟಿದ್ದಾರೆಂದು ಕೃಷಿ ಇಲಾಖೆ ಕೇಳಬೇಕು.

ತೆರೆಯ ಮೇಲಿನ ಮಚ್ಚಿನ ಕಥೆಯೂ ಕೇಳಿ. 1995ರ 'ಓಂ' ಚಿತ್ರದಲ್ಲಿ ನಿಜವಾದ ರೌಡಿಗಳೇ ಬಂದು ನಟಿಸಿದ್ದರು. ಮೂವತ್ತು ವರ್ಷ ಕಳೆದು, 2025ರ ಮಾರ್ಚಿನಲ್ಲಿ ಬಿಗ್ ಬಾಸ್ ಖ್ಯಾತಿಯ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿ ಪೊಲೀಸರ ಕೈಗೆ ಸಿಕ್ಕಾಗ ಕೊಟ್ಟ ಸಮಜಾಯಿಷಿ, ಅದು ಫೈಬರ್ ಮಚ್ಚು ಅಂತ. ಕಲಬೆರಕೆ ಎಲ್ಲಿಗೆ ಬಂತು ನೋಡಿ.

ಮಚ್ಚಿಲ್ಲದೆ ಜಮೀನಿನ ಜಗಳ ಆಡಿದವರೂ ಈ ಕಡೆಯೇ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಬಿಡುವುದಿಲ್ಲವೆಂದು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. ಅದೂ ಏರೋಸ್ಪೇಸ್ ಪಾರ್ಕಿಗಾಗಿ ಕೇಳಿದ ಜಮೀನು. ಹೆಗಲ ಮೇಲೆ ಹಸಿರು ಟವೆಲ್, ಊಟಕ್ಕೆ ಮುದ್ದೆ. 2025ರ ಜೂನ್ 25ರಂದು ಪೊಲೀಸರು ಎತ್ತಿ ವಾಹನಕ್ಕೆ ತುಂಬಿದ್ದು ಇವರನ್ನು. ಜುಲೈ 15ಕ್ಕೆ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಬೆನ್ನಿಗೇ ಆಂಧ್ರದ ಸಚಿವ ನಾರಾ ಲೋಕೇಶ್ ನಮ್ಮಲ್ಲಿ 8,000 ಎಕರೆ ರೆಡಿ ಇದೆ, ಬನ್ನಿ ಎಂದು ಉದ್ಯಮಿಗಳನ್ನು ಕರೆದರು. ನೆಂಟರ ಮನೆ ಮದುವೆ ಮುರಿದರೆ ತಮ್ಮ ಹುಡುಗಿಯ ಜಾತಕ ಹಿಡಿದು ಬರುವವರು ಎಲ್ಲ ಕಡೆಯೂ ಇರುತ್ತಾರೆ.

ಇನ್ನು ನಮ್ಮ ಹುಡುಗರ ಸುಧಾರಣೆ. ಚುನಾವಣೆಗೋ ಗಣೇಶ ಹಬ್ಬಕ್ಕೋ ಮುಂಚೆ ರೌಡಿ ಪರೇಡ್ ಇದ್ದೇ ಇರುತ್ತದೆ. ಸಾಲಾಗಿ ನಿಲ್ಲಿಸಿ, ಉದ್ದ ಕೂದಲಿದ್ದವನಿಗೆ ಕಟಿಂಗ್ ಮಾಡಿಸಲು ಹೇಳಿ, ಹಚ್ಚೆ ಹಾಕಿಸಿಕೊಂಡವನ ತೋಳು ತಿರುಗಿಸಿ ನೋಡಿ, ಬಾಂಡ್ ಬರೆಸಿಕೊಂಡು ಕಳಿಸುತ್ತಾರೆ. ಸುಧಾರಿಸಿದವರೂ ಇಲ್ಲದಿಲ್ಲ. 2022ರ ನವೆಂಬರಿನಲ್ಲಿ ಚಾಮರಾಜಪೇಟೆಯಲ್ಲಿ ರೌಡಿ ಪಟ್ಟಿಯಲ್ಲಿದ್ದವರೊಬ್ಬರು ಶಿಬಿರ ಏರ್ಪಡಿಸಿ ಸಂಸದರನ್ನೇ ವೇದಿಕೆಗೆ ಕರೆಸಿದ್ದರು. ರಕ್ತದಾನ ಶಿಬಿರ! ಅನುಭವಸ್ಥರ ಕೈಗೇ ಕೊಟ್ಟ ಕೆಲಸ.

ಪರೇಡಿನಲ್ಲಿ ಸಾಹೇಬರು ಕೇಳುವುದು ಹೀಗಿರಬಹುದು:

"ಏನೋ, ಈಗೇನು ಮಾಡ್ಕೊಂಡಿದ್ದೀಯ?"

"ಎಲ್ಲಾ ಬಿಟ್ಟಿದ್ದೀನಿ ಸಾರ್. ರಿಯಲ್ ಎಸ್ಟೇಟು."

"ಯಾವ ಕಡೆ?"

"ಇಲ್ಲೇ ಸಾರ್, ಬಾಗಲೂರು, ಹುಣಸಮಾರನಹಳ್ಳಿ."

ಸಾಹೇಬರು ಆಚೀಚೆ ನೋಡಿ, ದನಿ ತಗ್ಗಿಸಿ, "ಒಂದು ತರ್ಟಿ ಫಾರ್ಟಿ ಇದ್ರೆ ಹೇಳಪ್ಪ. ಲಿಟಿಗೇಷನ್ ಇರೋದು ಮಾತ್ರ ಬೇಡ."