ಎದೆಗೊಬ್ಬ ಗುಮಾಸ್ತ

ಐವತ್ತು ದಾಟುವವರೆಗೆ ಮನುಷ್ಯನಿಗೆ ಹೃದಯ ಇರುವುದು ಭಾವಗೀತೆಗಳಲ್ಲಿ ಮಾತ್ರ. ಅಲ್ಲಿ ಅದು ಕರಗುತ್ತದೆ, ಮಿಡಿಯುತ್ತದೆ, ಯಾರೋ ಕದ್ದುಕೊಂಡೂ ಹೋಗುತ್ತಾರೆ. ಒಡೆದು ಚೂರಾದರೂ ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ. ಐವತ್ತು ದಾಟಿದ್ದೇ ತಡ, ಅದೇ ಹೃದಯ ಭಾವಗೀತೆಯಿಂದ ಇಳಿದು ಲ್ಯಾಬ್ ರಿಪೋರ್ಟಿಗೆ ಬಂದು ಕೂರುತ್ತದೆ. ಆಮೇಲೆ ಮದುವೆ ಊಟದ ಪಂಕ್ತಿಯಲ್ಲಿ ಎಡಬಲದವರು ಆಡುವ ಮಾತು ಎರಡೇ: ಯಾರಿಗೆ ಎಷ್ಟು ಸ್ಟೆಂಟ್ ಬಿತ್ತು, ವಾಕಿಂಗಿಗೆ ಹೋದ ಯಾರು ವಾಪಸ್ ಬರಲಿಲ್ಲ. ಒಬ್ಬಟ್ಟಿನ ಮೇಲೆ ತುಪ್ಪ ಬೀಳುತ್ತಿರುವಾಗಲೇ ಇಷ್ಟೂ ಮಾತು ಮುಗಿದಿರುತ್ತದೆ. ಸಾಕು ಎನ್ನಲು ಯಾರ ಕೈಯೂ ಅಡ್ಡ ಬಂದಿರುವುದಿಲ್ಲ.

ನಮ್ಮ ನಾಡಿನಲ್ಲಿ ಈ ಭಯಕ್ಕೊಂದು ತಾರೀಕೂ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. ವಯಸ್ಸು 46, ಕಟ್ಟುಮಸ್ತಾದ ದೇಹ, ಬೆಳಿಗ್ಗೆ ವ್ಯಾಯಾಮ ಮಾಡಿದ್ದವರು. ದುಃಖದ ಜೊತೆಗೇ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ಎದ್ದಿತು: ಅವರಿಗೇ ಹೀಗಾದರೆ ನಮ್ಮ ಗತಿ? ಜಿಮ್ಮಿಗೆ ಹೋಗುವವರು ಕಡಿಮೆಯಾದರು, ಹೃದಯ ತಪಾಸಣೆಗೆ ಹೋಗುವವರು ಹೆಚ್ಚಾದರು. 2025ರಲ್ಲಿ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದು ಸಾವಿನ ಸುದ್ದಿ ಬಂದಾಗ ನಮ್ಮ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿದ್ದರು. ತಜ್ಞರ ಸಮಿತಿ ಕೂತು ಪರಿಶೀಲಿಸಿ, ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಆದರೆ ಸಮಿತಿಯ ಕೈಯಲ್ಲಿದ್ದದ್ದು ವರದಿ, ಭಯದ ಕೈಯಲ್ಲಿದ್ದದ್ದು ವಾಟ್ಸ್ಯಾಪ್.

ಇಂಥ ಸಮಯದಲ್ಲಿ ಬೆಂಗಳೂರಿನಲ್ಲಿರುವ ಮಗಳು ನನ್ನ ಹುಟ್ಟುಹಬ್ಬಕ್ಕೊಂದು ಸ್ಮಾರ್ಟ್‌ವಾಚ್ ತಂದು ಕಟ್ಟಿದಳು. “ಅಪ್ಪಾ, ಇನ್ಮೇಲೆ ನಿಮ್ಮ ಹೃದಯ ನಿಮ್ಮ ಕೈಯಲ್ಲೇ ಇರುತ್ತೆ” ಎಂದಳು. ಅಲ್ಲಿಯವರೆಗೆ ಅದು ಎದೆಗೂಡಿನೊಳಗೆ ತನ್ನ ಪಾಡಿಗೆ ತಾನು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದುಕೊಂಡಿತ್ತು. ನಾನು ಒಂದನ್ನೂ ಎಣಿಸಿರಲಿಲ್ಲ, ಅದೂ ಬಿಲ್ಲು ಕಳಿಸಿರಲಿಲ್ಲ. ಈಗ ಅದರ ಪಕ್ಕದಲ್ಲಿ ಒಬ್ಬ ಗುಮಾಸ್ತನನ್ನು ಕೂರಿಸಿದಂತಾಯಿತು. ಕೂತರೆ ಬರೆದುಕೊಳ್ಳುತ್ತಾನೆ, ನಿಂತರೆ ಬರೆದುಕೊಳ್ಳುತ್ತಾನೆ. ನಾನು ನಿದ್ದೆ ಮಾಡಿದರೂ ಅವನಿಗೆ ರಜೆ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ರಾತ್ರಿಯ ಲೆಕ್ಕ ಒಪ್ಪಿಸುತ್ತಾನೆ. ಮೂರು ಗಂಟೆ ಹತ್ತು ನಿಮಿಷಕ್ಕೆ ಬಡಿತ 94ಕ್ಕೆ ಏರಿತ್ತಂತೆ. ಯಾಕೆ ಏರಿತು? ಕನಸಿನಲ್ಲಿ ಏನಾಯಿತು? ಅದನ್ನು ಮಾತ್ರ ಅವನು ಬರೆದಿರುವುದಿಲ್ಲ. ತಿಂಡಿ ತಿನ್ನುವವರೆಗೂ ನಾನು ಆ 94ರ ಮೂಲ ಹುಡುಕುತ್ತಿರುತ್ತೇನೆ.

ನಮ್ಮ ತಾತನ ಕಾಲದ ಪಂಡಿತರು ಮುಂಗೈ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು. ವಾತದ ನಾಡಿ ಹಾವಿನ ಹಾಗೆ ಹರಿಯುತ್ತದೆ, ಪಿತ್ತದ್ದು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ, ಕಫದ್ದು ಹಂಸದ ಹಾಗೆ ನಡೆಯುತ್ತದೆ ಎನ್ನುವುದು ಅವರ ಶಾಸ್ತ್ರ. ಮುಂಗೈಯಲ್ಲಿ ಯಾವ ಪ್ರಾಣಿ ಓಡಾಡಿದರೂ ಕೊನೆಗೆ ಒಂದು ಕಷಾಯ, ಒಂದು ಪಥ್ಯ, ಅಲ್ಲಿಗೆ ಮುಗಿಯಿತು. ವಾಚಿಗೆ ಬೆರಳಿಲ್ಲ, ಹಸಿರು ದೀಪ ಇದೆ. ಕೆಂಪು ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮುಂಗೈಗೆ ರಕ್ತ ನುಗ್ಗಿದಾಗ ಹಿಂದಿರುಗುವ ಬೆಳಕು ಕೊಂಚ ಕಡಿಮೆಯಾಗುತ್ತದೆ. ಆ ಏರಿಳಿತವನ್ನೇ ಎಣಿಸಿ ಅದು ಅಂಕಿ ತೋರಿಸುತ್ತದೆ. ಬರೀ ಅಂಕಿ. ಕಷಾಯವನ್ನು ನಾವೇ ಹುಡುಕಿಕೊಳ್ಳಬೇಕು.

ಅಂಕಿ ಎಂದ ಮೇಲೆ ಅದಕ್ಕೊಂದು ಗರಿಷ್ಠ ಮಿತಿ ಇರಬೇಕಲ್ಲ. 220ರಲ್ಲಿ ನಿಮ್ಮ ವಯಸ್ಸು ಕಳೆಯಿರಿ ಎಂದು ಎಲ್ಲರೂ ಹೇಳಿದರು. ನನಗೆ 54, ಅಂದರೆ ಮಿತಿ 166. ಅದನ್ನು ದಾಟಿದರೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ, ಕಣ್ಣು ಮಾತ್ರ ಅಗಲ ಮಾಡಿದರು. ಓದಿ ನೋಡಿದರೆ ಆ ಸೂತ್ರ ಬೆಟ್ಟದಿಂದ ಇಳಿದು ಬಂದ ಶಾಸನವೇನಲ್ಲ. 1971ರಲ್ಲಿ ಅಮೆರಿಕದ ಕೆಲವು ವೈದ್ಯರು ಅದಾಗಲೇ ಪ್ರಕಟವಾಗಿದ್ದ ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ಹಾಕಿ, ನಡುವೆ ಒಂದು ಅಂದಾಜಿನ ಗೆರೆ ಎಳೆದಿದ್ದರು. 2001ರಲ್ಲಿ ಮತ್ತೊಂದು ಸೂತ್ರ ಬಂತು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಬೇಕು. ಅದರ ಪ್ರಕಾರ ನನಗೆ 170. ಕೂತಲ್ಲೇ ನಾಲ್ಕು ಬಡಿತ ಲಾಭ! ಯಾವ ಸೂತ್ರವಾದರೂ ಒಬ್ಬರಿಂದ ಒಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು ಎಂದು ತಿಳಿದವರು ಹೇಳುತ್ತಾರೆ. ಹೆದರುವವನಿಗೆ ಆ ‘ಆಚೀಚೆ’ ಕಾಣುವುದಿಲ್ಲ, 166 ಮಾತ್ರ ಕಾಣುತ್ತದೆ.

ಒಂದು ಭಾನುವಾರ ಈ 166ನ್ನು ತಲೆಯಲ್ಲಿ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ. ಸಾವಿರದೆಂಟು ಮೆಟ್ಟಿಲು ಎನ್ನುತ್ತಾರೆ. ಮೊದಲೆಲ್ಲ ಕಣ್ಣು ಮೆಟ್ಟಿಲ ಮೇಲಿರುತ್ತಿತ್ತು, ಆಗಾಗ ಮರದ ಮೇಲಿನ ಕೋತಿಯ ಮೇಲೆ. ಅವತ್ತು ಪೂರ್ತಿ ಮುಂಗೈ ಮೇಲೆ. 131. 138. ನೋಡಿದಷ್ಟೂ ಏರಿತು. 148 ಕಂಡಾಗ ಕಾಲು ನಿಂತಿತು. ಪಕ್ಕದ ಕಲ್ಲಿನ ಮೇಲೆ ಕೂತೆ. ಕೂತರೆ ಇಳಿಯಬೇಕಲ್ಲ? 152 ಆಯಿತು! ಎಡಗೈ ಜುಮ್ಮೆಂದಿತು. ವಾಚಿನ ಪಟ್ಟಿ ಬಿಗಿಯಾಗಿತ್ತು ಎನ್ನುವುದು ಆಮೇಲೆ ಹೊಳೆದ ವಿಷಯ. ಆ ಹೊತ್ತಿಗೆ ನನ್ನ ಎಲ್‌ಐಸಿ ಪಾಲಿಸಿಯ ಕಾಗದ ಬೀರುವಿನ ಯಾವ ಖಾನೆಯಲ್ಲಿದೆ ಎನ್ನುವುದು ಹೆಂಡತಿಗೆ ಗೊತ್ತೋ ಇಲ್ಲವೋ ಎಂಬ ಯೋಚನೆ ಬಂದಿತ್ತು.

ಕೆಳಗಿನಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಹರಕೆಯವರು. ಎಡಗೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ, ಹಳದಿಯ ಮೇಲೊಂದು ಕೆಂಪು ಬೊಟ್ಟಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದು, ಮತ್ತೆ ಬಗ್ಗುತ್ತಿದ್ದರು. ನಾನು ಕೂತ ಮೆಟ್ಟಿಲಿಗೆ ಬೊಟ್ಟಿಡಲು ನನ್ನ ಕಾಲು ಅಡ್ಡವಿತ್ತು.

“ಯಾಕಪ್ಪಾ, ಕೂತ್ಬುಟ್ಟೆ?”

“ಎದೆ ಜೋರಾಗಿ ಹೊಡ್ಕೊಳ್ತಿದೆ, ಅಜ್ಜಿ.”

“ಬೆಟ್ಟ ಹತ್ತೋವಾಗ ಎದೆ ಹೊಡ್ಕಳ್ದೆ ಇನ್ನೇನ್ ಮಾಡದು? ಸುಮ್ಕಿದ್ರೆ ಅಲ್ವಾ ಭಯ? ವಸಿ ಕಾಲೆತ್ತು ಮಗ.”

ಕಾಲೆತ್ತಿದೆ. ಬೊಟ್ಟಿಟ್ಟು ಮುಂದೆ ಹೋದರು. ಹೃದ್ರೋಗ ಶಾಸ್ತ್ರದ ಒಂದು ಅಧ್ಯಾಯವನ್ನೇ ಅಜ್ಜಿ ಮುಗಿಸಿಬಿಟ್ಟಿದ್ದರು. ಕಾಲಿನ ಸ್ನಾಯುಗಳು ದುಡಿಯುವಾಗ ಹೆಚ್ಚು ಆಮ್ಲಜನಕ ಬೇಡುತ್ತವೆ, ಅದನ್ನು ಮುಟ್ಟಿಸಲು ಹೃದಯ ಬೇಗ ಬಡಿಯಬೇಕು. ಅದು ಅದರ ಕೆಲಸ. ಆದರೆ ಹೆದರಿಕೆಯೂ ಅದೇ ಬಾಗಿಲನ್ನು ತಟ್ಟುತ್ತದೆ. ಹೆದರಿದಾಗ ಅಡ್ರಿನಲಿನ್ ಹರಿದು ಬಡಿತ ಏರುತ್ತದೆ. ಏರಿದ್ದನ್ನು ಕಂಡು ಇನ್ನಷ್ಟು ಹೆದರುತ್ತೇವೆ, ಹೆದರಿದ್ದಕ್ಕೆ ಇನ್ನಷ್ಟು ಏರುತ್ತದೆ. ಮೆಟ್ಟಿಲು ಹತ್ತಿದ್ದಕ್ಕೆ 148, ಅದನ್ನು ನೋಡಿದ್ದಕ್ಕೆ ಮೇಲಿನ ನಾಲ್ಕು. ನೋಡದೆ ಇರೋಣವೆಂದರೆ ಅದೂ ಆಗದು. ನೋಡಿದಾಗ 80 ಕಂಡರೆ ಒಂದು ಕ್ಷಣ ಜೀವ ತಣ್ಣಗಾಗುತ್ತದೆ. ಆ ತಂಪಿನ ಆಯಸ್ಸು ಎರಡು ನಿಮಿಷ. ಮತ್ತೆ ಬೇಕೆನಿಸುತ್ತದೆ, ಮತ್ತೆ ಕಣ್ಣು ಮುಂಗೈಗೆ ಹೋಗುತ್ತದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಈಳಿಗೆ ಮಣೆಯ ಮುಂದೆ ಕೂತಿದ್ದಳು. “ತೆಗೀರಿ ಇಲ್ಲಿ” ಎಂದು ವಾಚನ್ನು ಬಿಚ್ಚಿಸಿಕೊಂಡು, ಹೆಚ್ಚಬೇಕಿದ್ದ ಪಡವಲಕಾಯಿಗೆ ಸುತ್ತಿ ಪಟ್ಟಿ ಬಿಗಿದಳು. ಹಸಿರು ದೀಪ ಮಿನುಗಿತು, ಸ್ವಲ್ಪ ಹೊತ್ತು ಯೋಚಿಸಿತು, ಆಮೇಲೆ ತೋರಿಸಿತು: 72.

“ನೋಡಿ, ನಿಮಗಿಂತ ಇದೇ ಆರೋಗ್ಯವಾಗಿದೆ” ಎಂದಳು.

ಇದರಲ್ಲಿ ಪವಾಡವೇನಿಲ್ಲ. ಬೆಳಕು ಯಾವುದೋ ಮೇಲ್ಮೈಗೆ ತಾಗಿ ಹಿಂದಿರುಗುತ್ತದೆ, ಅದರಲ್ಲಿ ಸಣ್ಣಪುಟ್ಟ ಕಂಪನವಿದ್ದರೂ ಯಂತ್ರ ಅದನ್ನೇ ಬಡಿತವೆಂದು ಲೆಕ್ಕ ಹಾಕುವುದುಂಟು. ನಡೆಯುವಾಗ, ಓಡುವಾಗಲೂ ಅಷ್ಟೆ. ಕೈ ಬೀಸುವ ಲಯಕ್ಕೆ ಸಿಕ್ಕಿಬಿದ್ದು ನಾಡಿಯ ಬದಲು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ. ಇಷ್ಟೆಲ್ಲ ಓದಿ ತಿಳಿದುಕೊಂಡು ಅಡುಗೆಮನೆಗೆ ಹೋಗುವಷ್ಟರಲ್ಲಿ 72 ಬಡಿತದ ಆ ಆರೋಗ್ಯವಂತ ಪಲ್ಯವಾಗಿತ್ತು. ಊಟದಲ್ಲಿ ನಾನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಆದರೂ ಐವತ್ನಾಲ್ಕರ ಎದೆಯನ್ನು ಪಡವಲಕಾಯಿಯ ಸಾಕ್ಷಿ ನಂಬಿ ಬಿಡುವುದು ಸರಿಯಲ್ಲವಲ್ಲ. ವೈದ್ಯರ ಹತ್ತಿರ ಹೋದೆವು. ಟಿಎಂಟಿ ಮಾಡಿಸಿ ಎಂದರು. ಪರೀಕ್ಷೆಗೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಅಪರೂಪಕ್ಕೆ ಏನೇನು ಆಗಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಓದದೆ ಸಹಿ ಹಾಕುವುದು ಬುದ್ಧಿವಂತರ ಲಕ್ಷಣ. ನಾನು ಪೂರ್ತಿ ಓದಿದೆ. ಆಮೇಲೆ ಎದೆಯ ಕೂದಲನ್ನು ಅಲ್ಲಲ್ಲಿ ಬೋಳಿಸಿ, ತಣ್ಣನೆಯ ಬಿಲ್ಲೆಗಳನ್ನು ಅಂಟಿಸಿ, ವೈರು ಸಿಕ್ಕಿಸಿ ಟ್ರೆಡ್‌ಮಿಲ್ ಹತ್ತಿಸಿದರು. ರಾಬರ್ಟ್ ಬ್ರೂಸ್ ಎಂಬ ಅಮೆರಿಕದ ಹೃದ್ರೋಗ ತಜ್ಞರು ರೂಪಿಸಿದ ಕ್ರಮವಂತೆ ಅದು. ಗಂಟೆಗೆ 2.7 ಕಿ.ಮೀ. ವೇಗ, ಶೇ 10ರಷ್ಟು ಏರು. ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದಷ್ಟು ಸಲೀಸು. ಮೂರು ನಿಮಿಷಕ್ಕೊಮ್ಮೆ ವೇಗವೂ ಹೆಚ್ಚುತ್ತದೆ, ಏರೂ ಹೆಚ್ಚುತ್ತದೆ. ಮೂರನೆಯ ಹಂತಕ್ಕೆ ಬಂದಾಗ ಪ್ರದಕ್ಷಿಣೆ ಮುಗಿದು ಉರುಳುಸೇವೆಯ ಸುಸ್ತು ಶುರುವಾಗಿತ್ತು.

“ಅಂಕಲ್, ಕಾಲು ನೋಡ್ಬೇಡಿ, ಸ್ಕ್ರೀನೂ ನೋಡ್ಬೇಡಿ, ಎದುರಿಗೆ ಗೋಡೆ ನೋಡಿ” ಎಂದಳು ಟೆಕ್ನಿಷಿಯನ್ ಹುಡುಗಿ.

“ಎಷ್ಟಾಯ್ತಮ್ಮ?”

“ಇನ್ನೂ 136. 141 ಆದ್ರೂ ಆಗ್ಬೇಕು, ಇಲ್ದಿದ್ರೆ ಟೆಸ್ಟ್ ಲೆಕ್ಕಕ್ಕಿಲ್ಲ.”

166ರ ಶೇ 85 ಎಂದರೆ 141. ಅಷ್ಟಾದರೂ ಮುಟ್ಟಬೇಕಂತೆ. ಬೆಟ್ಟದ ಮೇಲೆ ಯಾವ ಅಂಕಿಗೆ ಹೆದರಿ ಎಲ್‌ಐಸಿ ಪಾಲಿಸಿ ನೆನೆದಿದ್ದೆನೋ, ಇಲ್ಲಿ ಅದಕ್ಕಿಂತ ಕಡಿಮೆಯದು ಪಾಸ್ ಮಾರ್ಕು! ಶಾಲೆ ಬಿಟ್ಟ ಮೇಲೆ ಅಂಕಕ್ಕಾಗಿ ನಾನು ಅಷ್ಟು ಬೆವರು ಸುರಿಸಿದ್ದು ಅವತ್ತೇ. 141 ದಾಟಿತು, ಇನ್ನೂ ಸ್ವಲ್ಪ ಮೇಲಕ್ಕೂ ಹೋಯಿತು. ಇಸಿಜಿ ಗೆರೆಗಳು ತಮ್ಮ ಪಾಡಿಗೆ ತಾವು ನೆಟ್ಟಗೆ ಓಡುತ್ತಿದ್ದವು.

ವೈದ್ಯರು ಕಾಗದ ತಿರುವಿ ನೋಡಿ, “ಚೆನ್ನಾಗಿದೆ. ಹಾಗಂತ ಇದು ಜೀವನಪರ್ಯಂತದ ಗ್ಯಾರಂಟಿ ಕಾರ್ಡಲ್ಲ. ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸ್ಕೊಳ್ತಾ ಇರಿ” ಎಂದರು. ನಡೆಯುವಾಗ ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ, ಎಂದೂ ಇಲ್ಲದ ಹಾಗೆ ಉಸಿರು ಕಟ್ಟಿದರೆ ವಾಚು ನೋಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಬನ್ನಿ ಎಂದರು. ಬಡಿತ ಎಷ್ಟು ಏರಿತು ಎಂಬುದಷ್ಟೇ ಅಲ್ಲ, ನಿಂತ ಮೇಲೆ ಎಷ್ಟು ಬೇಗ ಇಳಿಯುತ್ತದೆ ಎಂಬುದೂ ಮುಖ್ಯ, ಮೊದಲ ನಿಮಿಷದಲ್ಲೇ ಹನ್ನೆರಡಕ್ಕಿಂತ ಹೆಚ್ಚು ಇಳಿದರೆ ಒಳ್ಳೆಯ ಲಕ್ಷಣ ಎಂದು ವಿವರಿಸಿದರು. ನಾನು ಹನ್ನೆರಡು ಎಂದು ಬರೆದುಕೊಳ್ಳಲು ಪೆನ್ನು ತೆಗೆದದ್ದನ್ನು ಕಂಡು ಮಾತು ನಿಲ್ಲಿಸಿದರು.

“ಅಂಕಿ ಬೇಡ ಬಿಡಿ ನಿಮಗೆ. ವಾಕಿಂಗಿಗೆ ಜೊತೆಗ್ಯಾರಾದ್ರೂ ಇದ್ದಾರಾ? ನಡೀತಾ ನಡೀತಾ ಅವರ ಹತ್ರ ಮಾತಾಡಿ. ಮಾತಾಡೋಕಾಗುತ್ತೆ, ಹಾಡೋಕಾಗಲ್ಲ ಅಂದ್ರೆ ವೇಗ ಸರಿಯಾಗಿದೆ. ಎರಡು ಮಾತಿಗೇ ಉಸಿರು ನಿಂತ್ರೆ ಜೋರಾಯ್ತು, ನಿಧಾನ ಮಾಡಿ. ಆರಾಮಾಗಿ ಹಾಡೋಕಾದ್ರೆ ಇನ್ನೂ ಬಿರುಸಾಗಿ ಹೆಜ್ಜೆ ಹಾಕಿ.”

ಎಂಥ ಸುಖದ ಚಿಕಿತ್ಸೆ! ಬ್ಯಾಟರಿ ಬೇಡ, ಚಾರ್ಜರ್ ಬೇಡ. ಅದೂ ನಮ್ಮ ಮೈಸೂರಿನವರಿಗೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ಸೊಸೆಯ ವಿಷಯ, ಡಿಎ ಬಾಕಿ, ದಸರಾ ಪಾಸು, ಯಾರದೋ ಸೈಟಿನ ತಕರಾರು, ಎಲ್ಲವೂ ಒಂದೇ ಹದದ ಉಸಿರಿನಲ್ಲಿ ನಡೆದಿರುತ್ತದೆ. ನೀರಿನ ಮೇಲೆ ಹೆಜ್ಜಾರ್ಲೆಗಳಷ್ಟೇ ಮೌನ. ಹೃದಯಕ್ಕೆ ತಕ್ಕ ವೇಗವನ್ನು ಹರಟೆಯಿಂದ ಅಳೆಯಬೇಕು ಎಂದು ವಿಜ್ಞಾನ ಹೇಳುವ ಎಷ್ಟೋ ಮೊದಲೇ ನಮ್ಮ ಊರು ಅದನ್ನು ಆಚರಣೆಗೆ ತಂದಿತ್ತು.

ತೊಡಕೊಂದೇ. ನನ್ನ ಜೊತೆಗಾರರು ನಿವೃತ್ತ ಇತಿಹಾಸ ಮೇಷ್ಟ್ರು. ಬೆಟ್ಟದ ಬುಡದಲ್ಲಿ ಹೈದರಾಲಿಯಿಂದ ಶುರು ಮಾಡಿದರೆ, ಹದಿನೇಳನೆಯ ಶತಮಾನಕ್ಕೆ ಹಿಂದೆ ಸರಿದು, ದೊಡ್ಡದೇವರಾಜ ಒಡೆಯರು ಆ ದೊಡ್ಡ ನಂದಿಯನ್ನು ಕೆತ್ತಿಸಿದ ಕಥೆಗೆ ಬರುವಾಗ ಸರಿಯಾಗಿ ನಂದಿಯ ಮುಂದೆಯೇ ನಿಂತಿರುತ್ತಾರೆ. ನಡುವೆ ನನಗೆ ಸಿಗುವುದು ಎರಡು ‘ಹೌದಾ’, ಒಂದು ‘ಛೆ’. ಅದರಲ್ಲಿ ನನ್ನ ಹೃದಯದ ಯೋಗ್ಯತೆಯನ್ನು ಯಾರು ಅಳೆಯಬೇಕು? ಪರೀಕ್ಷೆ ಪ್ರತಿ ವಾರ ನಡೆಯಿತು, ಪಾಸಾದವರು ಮಾತ್ರ ಅವರು. ವಾಚು ಬೀರುವಿನಲ್ಲಿ ಎಲ್‌ಐಸಿ ಪಾಲಿಸಿಯ ಪಕ್ಕ ಮಲಗಿತು. ನಾನು ಕೇಳುತ್ತಾ ಹತ್ತಿದೆ. ಕೇಳುವವನ ಎದೆ ತಾನಿರುವುದನ್ನೇ ಮರೆತಿರುತ್ತದೆ ಎನ್ನುವುದು ಆಗ ಸಿಕ್ಕ ಲಾಭ.

ಮೊನ್ನೆ ಮೇಷ್ಟ್ರು ಬುಡದಲ್ಲಿ ಸಿಕ್ಕಾಗ ಹೈದರಾಲಿಯ ಸುಳಿವಿಲ್ಲ. ಮೆಟ್ಟಿಲು ಶುರುವಾಯಿತು, ಆಗಲೂ ಇಲ್ಲ. ಹಾದಿ ಉದ್ದಕ್ಕೂ ನಾನೊಬ್ಬನೇ ಮಾತಾಡಿದೆ. ಮಗಳ ಕೆಲಸ, ಆಫೀಸಿನ ವರ್ಗಾವಣೆ, ಮಾವಿನ ಉಪ್ಪಿನಕಾಯಿ, ಎಲ್ಲವೂ ಆಯಿತು. ಉಸಿರು ಕಟ್ಟಲಿಲ್ಲ, ಹಾಡು ಬರಲಿಲ್ಲ. ಪೂರ್ಣಾಂಕ! ಖುಷಿಯಲ್ಲಿ ತಿರುಗಿ ನೋಡಿದರೆ ಮೇಷ್ಟ್ರು ನಾಲ್ಕು ಮೆಟ್ಟಿಲು ಕೆಳಗೆ ನಿಂತು ಎಡಗೈಯನ್ನು ಕಣ್ಣಿನ ಹತ್ತಿರ ಹಿಡಿದಿದ್ದಾರೆ. ಮುಂಗೈಯಲ್ಲಿ ಹಸಿರು ದೀಪ.

“ಮಗ ಕಳಿಸಿದ್ದು” ಎಂದರು ಸಣ್ಣ ದನಿಯಲ್ಲಿ. “ನೂರಾ ನಲವತ್ತೆರಡು ತೋರಿಸ್ತಿದೆಯಲ್ಲ ಮಾರಾಯ್ರೆ. ಏನ್ ಮಾಡೋಣ?”

“ನೋವು, ತಲೆಸುತ್ತು ಏನಾದ್ರೂ?”

“ಏನೂ ಇಲ್ಲ. ಬರೀ ನಂಬರು.”

“ಹಾಗಾದ್ರೆ ಹೇಳಿ ಮೇಷ್ಟ್ರೇ, ಮನೇಲಿ ಪಡವಲಕಾಯಿ ಇದೆಯಾ?”

ಅವರು ಗಾಬರಿಯಿಂದ ನನ್ನ ಮುಖ ನೋಡಿದರು. “ಇಲ್ವಲ್ಲ. ಹೀರೇಕಾಯಿ ಇದೆ.”

“ಅದೂ ಆಗುತ್ತೆ” ಎಂದೆ.