ವಿಳಾಸಗೇಣಿ ಮೀಮಾಂಸೆ

ಅನ್ನದಾನ, ಗೋದಾನ, ಭೂದಾನ, ವಿದ್ಯಾದಾನಗಳನ್ನು ಕುರಿತು ನಮ್ಮ ಪೂರ್ವಸೂರಿಗಳು ಗ್ರಂಥರಾಶಿಯನ್ನೇ ನಿರ್ಮಿಸಿಟ್ಟಿರುವರಾದರೂ, ಗುಂಡಿ ಒತ್ತಿದೊಡನೆ ಎಚ್ಚೆತ್ತು, ತಾನಾರು, ತನ್ನ ನೆಲೆ ಯಾವುದು ಎಂಬುದನ್ನರಿಯದೆ ದಿಕ್ಕುಗೆಟ್ಟು ನಿಂತ ಗಣಕಯಂತ್ರವೊಂದಕ್ಕೆ ವಿಳಾಸವನ್ನು ಕೊಡತಕ್ಕವರಾರು, ಕೊಡುವ ವಿಧಿ ಯಾವುದು, ಹಾಗೆ ಕೊಟ್ಟುದು ದಾನವೋ ಸಾಲವೋ ಗೇಣಿಯೋ ಎಂಬ ಗಹನವಾದ ಪ್ರಶ್ನೆಯನ್ನು ಅವರಲ್ಲಿ ಒಬ್ಬರೂ ಎತ್ತಿಕೊಳ್ಳದೆ ಹೋದುದು ನಮ್ಮ ಶಾಸ್ತ್ರವಾಙ್ಮಯದ ದೊಡ್ಡ ಕೊರತೆಯೆಂದು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಅವರ ಕಾಲದಲ್ಲಿ ಗಣಕಯಂತ್ರವೇ ಇರಲಿಲ್ಲವಲ್ಲ ಎಂಬ ಸಮಾಧಾನವನ್ನು ನಾವು ಒಪ್ಪಲಾರೆವು. ಇಲ್ಲದ ವಸ್ತುವನ್ನು ಕುರಿತು ಗ್ರಂಥ ಬರೆಯುವುದರಲ್ಲಿ ಪೂರ್ವಸೂರಿಗಳು ಎಂದೂ ಹಿಂಜರಿದವರಲ್ಲ.

ಶಾಸ್ತ್ರಮರ್ಯಾದೆಯಂತೆ ಮೊದಲು ಅನುಬಂಧಚತುಷ್ಟಯವನ್ನು ಹೇಳತಕ್ಕದ್ದು. ವಿಷಯವು ಡಿ.ಎಚ್.ಸಿ.ಪಿ. ಎಂಬ ನಾಲ್ಕಕ್ಷರದ ವ್ಯವಹಾರಸಂಹಿತೆ, ಪ್ರಯೋಜನವು ಜಾಲಪ್ರಾಪ್ತಿ, ಸಂಬಂಧವು ಕೇಬಲ್ ಇದ್ದರೆ ದೃಶ್ಯ, ವೈಫೈ ಇದ್ದರೆ ಅದೃಶ್ಯ, ಇನ್ನು ಅಧಿಕಾರಿಯು ಯಾರೆಂದರೆ, “ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ ಸಾರ್” ಎಂಬ ಉಪದೇಶವನ್ನು ದೂರವಾಣಿಯ ಮುಖಾಂತರ ಜೀವಮಾನದಲ್ಲಿ ಒಮ್ಮೆಯಾದರೂ ಪಡೆದು, ಅದರಂತೆ ಆಚರಿಸಿ, ಫಲವನ್ನೂ ಕಂಡು, ಆ ಫಲವು ಏತರಿಂದ ಬಂದಿತೆಂಬುದನ್ನು ಮಾತ್ರ ತಿಳಿಯದೆ ಉಳಿದಿರುವ ಜಿಜ್ಞಾಸು. ಈ ಲಕ್ಷಣಕ್ಕೆ ಒಳಪಡದ ಮಹನೀಯರು ಇಲ್ಲಿಯೇ ಎದ್ದುಹೋದರೆ ನಮಗೆ ಬೇಸರವಿಲ್ಲ.

ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಸಂಹಿತೆಯು ಅಮೆರಿಕ ದೇಶದಲ್ಲಿ ರಚಿತವಾಯಿತೆಂಬುದು ಚರಿತ್ರೆಯ ದೃಷ್ಟಿಯಿಂದ ನಿಜವಾದರೂ, ತತ್ತ್ವದೃಷ್ಟಿಯಿಂದ ನೋಡಿದರೆ ಇದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಹಳೆಯ ಗೇಣಿಪದ್ಧತಿಯೇ ಹೊರತು ಅನ್ಯವಲ್ಲ. ಅಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯಿದ್ದುದು ಸರ್ವವಿದಿತ. ಮೂಲಗೇಣಿದಾರನದು ವಂಶಪಾರಂಪರ್ಯವಾದ ಹಕ್ಕು, ಅವನನ್ನು ಏಳೆನ್ನುವವರಿಲ್ಲ. ಚಾಲಗೇಣಿದಾರನಾದರೋ ವಾಯಿದೆಯಿಂದ ವಾಯಿದೆಗೆ ಧಣಿಗಳ ಮುಖ ನೋಡಿಕೊಂಡು ಬದುಕತಕ್ಕವನು. ನಿಮ್ಮ ಅಂಗೈಯಲ್ಲಿರುವ ಮೊಬೈಲು ಈ ಎರಡನೆಯ ವರ್ಗಕ್ಕೆ ಸೇರಿದ್ದು.

ಪೂರ್ವಕಾಲದಲ್ಲಿ ಸ್ಥಿರವಾದಿಗಳೆಂಬ ಒಂದು ಸಂಪ್ರದಾಯವಿತ್ತು. ವಿಳಾಸವನ್ನು ಮನುಷ್ಯನೇ ತನ್ನ ಕೈಯಾರೆ ಪ್ರತಿಯೊಂದು ಯಂತ್ರಕ್ಕೂ ಬರೆದುಕೊಡಬೇಕು, ಬರೆದುದನ್ನು ಒಂದು ಪುಸ್ತಕದಲ್ಲಿ ನಮೂದಿಸಬೇಕು, ಆ ಪುಸ್ತಕವು ಕಳೆದುಹೋಗಬೇಕು ಎಂಬುದು ಅವರ ಮತ. ಒಂದೇ ಅಂಕಿಯನ್ನು ಇಬ್ಬರಿಗೆ ಕೊಟ್ಟ ದಿನ ಎರಡು ಯಂತ್ರಗಳೂ ಮೂರ್ಛೆಹೋಗುತ್ತಿದ್ದುದನ್ನು ಅವರು ಕರ್ಮಫಲವೆಂದು ಸಹಿಸುತ್ತಿದ್ದರು. 1984ರ ಜೂನಿನಲ್ಲಿ ರಾರ್ಪ್ ಎಂಬ ವಿಧಿ ಹುಟ್ಟಿ ವಿಳಾಸವನ್ನೇನೋ ಕೊಟ್ಟಿತು. ಆದರೆ ಊರಿನಿಂದ ಹೊರಗೆ ಹೋಗುವ ದಾರಿ ಯಾವುದೆಂದು ಅದು ಹೇಳಲಿಲ್ಲ, ರೌಟರನ್ನು ದಾಟಿ ಬರುವುದೂ ಅದಕ್ಕೆ ಸಾಧ್ಯವಿರಲಿಲ್ಲ. 1985ರ ಸೆಪ್ಟೆಂಬರಿನಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಎಂಬುವರು ಬೂಟ್‌ಪಿ ಎಂಬುದನ್ನು ರಚಿಸಿ ಈ ದೋಷಗಳನ್ನು ಪರಿಹರಿಸಿದರಾದರೂ, ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬ ಪಟ್ಟಿಯನ್ನು ಮನುಷ್ಯನೇ ಮುಂಚಿತವಾಗಿ ಬರೆದಿಡಬೇಕಾದುದು ತಪ್ಪಲಿಲ್ಲ. ಅರ್ಥಾತ್, ಅಲ್ಲಿದ್ದುದು ಮೂಲಗೇಣಿಯೊಂದೇ. ಪೆನ್ಸಿಲ್ವೇನಿಯ ಪ್ರಾಂತದ ಬಕ್ನೆಲ್ ವಿಶ್ವವಿದ್ಯಾನಿಲಯದ ರಾಲ್ಫ್ ಡ್ರೋಮ್ಸ್ ಎಂಬ ವಿದ್ವಾಂಸರ ಹೆಸರಿನಲ್ಲಿ 1993ರ ಅಕ್ಟೋಬರಿನಲ್ಲಿ ಹೊರಬಂದ ಡಿ.ಎಚ್.ಸಿ.ಪಿ.ಯೇ ಚಾಲಗೇಣಿಯ ಮೊದಲ ಸ್ಮೃತಿ. ಅದು ಅದೇ ತಿಂಗಳಿನಲ್ಲಿ ಎರಡು ಸಲ, ಎರಡು ಬೇರೆ ಸಂಖ್ಯೆಗಳಡಿಯಲ್ಲಿ ಪ್ರಕಟವಾಯಿತು. ಮೊದಲನೆಯದರಲ್ಲಿ ಸಂಪಾದನದೋಷಗಳು ನುಸುಳಿದ್ದವಂತೆ. ಕರಡು ತಿದ್ದುವವರ ಮಹಿಮೆಯು ಸಾರ್ವದೇಶಿಕವೆಂದು ತಿಳಿದು ನಮಗೆ ಸಮಾಧಾನವಾಯಿತು. ಇಂದಿಗೂ ಪ್ರಮಾಣವಾಗಿರುವುದು ಅಂತರಜಾಲದ ನಿಯಮಗ್ರಂಥಮಾಲೆಯಲ್ಲಿ 1997ರ ಮಾರ್ಚಿನಲ್ಲಿ ಹೊರಬಂದ ಆರ್‌ಎಫ್‌ಸಿ 2131.

ಇನ್ನು ಪ್ರಕೃತಕ್ಕೆ ಬರೋಣ. ಇಲ್ಲಿ ತಾರ್ಕಿಕನೊಬ್ಬನು ಎದ್ದು ಆಕ್ಷೇಪಿಸುತ್ತಾನೆ: ವಿಳಾಸ ಬೇಕಾದರೆ ಕೇಳಬೇಕು, ಕೇಳಿದುದಕ್ಕೆ ಉತ್ತರ ಬರಬೇಕು, ಉತ್ತರ ಬರಬೇಕಾದರೆ ಕೇಳಿದವನಿಗೆ ವಿಳಾಸವಿರಬೇಕು, ಆದುದರಿಂದ ಇದು ಅನ್ಯೋನ್ಯಾಶ್ರಯದೋಷದಿಂದ ದೂಷಿತವಾಗಿ ಯಾವ ಯಂತ್ರವೂ ಎಂದೆಂದಿಗೂ ವಿಳಾಸವನ್ನು ಪಡೆಯಲಾರದು. ಆಕ್ಷೇಪವು ಪ್ರಬಲವಾದುದು. ಆದರೆ ಯಂತ್ರವು ತರ್ಕವನ್ನು ಓದಿಲ್ಲವಾದ ಕಾರಣ ಬೀದಿಯ ನಡುವೆ ನಿಂತು ಕೂಗಿಬಿಡುತ್ತದೆ. ತನ್ನ ವಿಳಾಸದ ಜಾಗದಲ್ಲಿ 0.0.0.0 ಎಂದೂ, ತಲಪಬೇಕಾದವರ ವಿಳಾಸದ ಜಾಗದಲ್ಲಿ 255.255.255.255 ಎಂದೂ ಬರೆದು ಅದು ಹೊರಡಿಸುವ ಮೊದಲನೆಯ ಉದ್ಗಾರಕ್ಕೆ ಡಿಸ್ಕವರ್ ಎಂದು ಹೆಸರು. ನಾನು ಯಾರೂ ಅಲ್ಲ, ನೀವೆಲ್ಲರೂ ಕೇಳಿ ಎಂಬುದು ಅದರ ತಾತ್ಪರ್ಯ. ಇಷ್ಟು ಸಂಪೂರ್ಣವಾದ ಶರಣಾಗತಿಯು ಭಕ್ತಿಸಾಹಿತ್ಯದಲ್ಲಿಯೂ ವಿರಳ. ಆದರೆ ಒಳಹೊಕ್ಕು ನೋಡಿದರೆ ಶರಣಾಗತನು ಅಷ್ಟೇನೂ ಮುಗ್ಧನಲ್ಲವೆಂದು ಗೊತ್ತಾಗುತ್ತದೆ: ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಪಡೆದ 48 ಬಿಟ್‌ಗಳ ಮ್ಯಾಕ್ ಸಂಖ್ಯೆಯನ್ನೂ, ಆ ಗಳಿಗೆಗೆಂದೇ ಹುಟ್ಟಿಸಿಕೊಂಡ 32 ಬಿಟ್‌ಗಳ ವ್ಯವಹಾರಸಂಖ್ಯೆಯನ್ನೂ ಅದು ಅರ್ಜಿಯೊಳಗೆ ಅಡಗಿಸಿರುತ್ತದೆ. ಬೀದಿಯಲ್ಲಿ ಏಕಕಾಲಕ್ಕೆ ಹಲವರು ಕೂಗುತ್ತಿದ್ದರೂ ಯಾರ ಉತ್ತರ ಯಾರಿಗೆ ಎಂಬುದು ಇದರಿಂದ ನಿರ್ಣಯವಾಗುವುದು. ವಿಳಾಸವನ್ನು ಹಂಚುವ ಸರ್ವರೆಂಬ ಧಣಿ ಕುಳಿತಿರುವ ಬಾಗಿಲು, ಅರ್ಥಾತ್ ಪೋರ್ಟು, 67; ಒಕ್ಕಲಾದ ಯಂತ್ರವು ಕಾದಿರುವ ಬಾಗಿಲು 68. ಒಕ್ಕಲಿಗೂ ನಿಯತವಾದ ಬಾಗಿಲೇಕೆ, ತೋಚಿದ ಬಾಗಿಲಲ್ಲಿ ನಿಂತರೆ ಸಾಲದೇ ಎಂದರೆ, ಉತ್ತರವನ್ನು ಬೀದಿಗೆಲ್ಲ ಕೇಳುವಂತೆ ಕೂಗಿದಾಗ ಅದೇ ಸಂಖ್ಯೆಯ ಬಾಗಿಲಲ್ಲಿ ಬೇರೆ ಕೆಲಸಕ್ಕೆ ನಿಂತ ನಿರಪರಾಧಿಗಳು ಗಾಬರಿಗೊಂಡಾರೆಂಬ ದಾಕ್ಷಿಣ್ಯವೇ ಕಾರಣ.

ಈ ಅರ್ಜಿಯನ್ನು ಬಿಡಿಸಿ ಓದುವ ಭಾಗ್ಯವು ಪಾಠಕರಿಗೆ ಒದಗಿದಲ್ಲಿ, ಅದರ ಬಹುಭಾಗವು ಬರಿಯ ಸೊನ್ನೆಗಳೆಂಬುದನ್ನು ಕಂಡು ಅಚ್ಚರಿಪಡಬಾರದು. ಮ್ಯಾಕ್ ಸಂಖ್ಯೆಗಾಗಿ 16 ಬೈಟುಗಳ ಸ್ಥಳವಿದೆ, ಬೇಕಾಗಿರುವುದು 6. ಸರ್ವರಿನ ಹೆಸರಿಗೆಂದು 64, ಕಡತದ ಹೆಸರಿಗೆಂದು 128 ಬೈಟುಗಳು ಮೀಸಲಾಗಿವೆ, ಸಾಮಾನ್ಯವಾಗಿ ಅವೂ ಖಾಲಿ. ಹಿಂದಿನ ಒಕ್ಕಲಾದ ಬೂಟ್‌ಪಿಯು ಕಟ್ಟಿಸಿಟ್ಟುಹೋದ ಕಣಜಗಳಿವು; ಕೆಡವಿದರೆ ಮನೆ ಬಿದ್ದೀತೆಂದು ಯಾರೂ ಮುಟ್ಟಿಲ್ಲ. ಇವೆಲ್ಲವನ್ನು ದಾಟಿದ ಮೇಲೆ 99, 130, 83, 99 ಎಂಬ ನಾಲ್ಕು ಸಂಖ್ಯೆಗಳು ಬರುತ್ತವೆ. ಪ್ರತಿಯೊಂದು ಅರ್ಜಿಯಲ್ಲಿಯೂ, ಪ್ರತಿಯೊಂದು ಉತ್ತರದಲ್ಲಿಯೂ, ಜಗತ್ತಿನ ಯಾವ ಮೂಲೆಯಲ್ಲಿಯೇ ಆಗಲಿ, ಇವೇ ನಾಲ್ಕು. ಮಾಂತ್ರಿಕ ಕುಕಿ ಎಂದು ಪ್ರಮಾಣಗ್ರಂಥದಲ್ಲಿಯೇ ಇದಕ್ಕೆ ಸಂಜ್ಞೆ. ಇದರ ಅರ್ಥವೇನೆಂದು ಕೇಳಿದ ಶಿಷ್ಯನಿಗೆ, ಬೀಜಾಕ್ಷರಕ್ಕೆ ಅರ್ಥವನ್ನು ಕೇಳಬಾರದು, ಜಪಿಸಬೇಕು ಎಂದು ಉತ್ತರಕೊಡತಕ್ಕದ್ದು.

ಕೂಗನ್ನು ಕೇಳಿದ ಧಣಿಯು ಆಫರ್ ಎಂಬ ಎರಡನೆಯ ವಾಕ್ಯದಿಂದ, ಇಂಥ ಭೂಮಿಯಿದೆ, ಇಷ್ಟು ಅವಧಿಗೆ ಕೊಟ್ಟೇನು, ಹೊರದಾರಿ ಇಂಥದು, ಹೆಸರು ವಿಚಾರಿಸಬೇಕಾದರೆ ಇಂಥವರನ್ನು ವಿಚಾರಿಸು ಎಂದು ತಿಳಿಸುತ್ತಾನೆ. ಕೊಡುವ ಮುನ್ನ ಆ ಭೂಮಿಯಲ್ಲಿ ಕದ್ದು ಕುಳಿತವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಕರೆದು ನೋಡುವುದು ಸಜ್ಜನನಾದ ಧಣಿಯ ಲಕ್ಷಣ. ಧಣಿಯು ಬೇರೆ ಊರಿನಲ್ಲಿದ್ದು ಕೂಗು ಅಲ್ಲಿಗೆ ಮುಟ್ಟದಿದ್ದರೆ, ರಿಲೇ ಏಜೆಂಟ್ ಎಂಬ ಪಾರುಪತ್ಯಗಾರನು ಅರ್ಜಿಯ ಮೇಲೆ ತನ್ನ ಊರಿನ ಗುರುತನ್ನು ಬರೆದು ಕಳುಹಿಸುತ್ತಾನೆ. ಆ ಗುರುತನ್ನು ನೋಡಿಯೇ ಧಣಿಯು ಯಾವ ಊರಿನ ಭೂಮಿಯನ್ನು ಕೊಡಬೇಕೆಂದು ನಿಶ್ಚಯಿಸುವುದು. ಹಲವು ಧಣಿಗಳು ಏಕಕಾಲದಲ್ಲಿ ಮುಂದೆ ಬಂದರೆ ಒಕ್ಕಲು ಒಬ್ಬನನ್ನು ಆರಿಸಿಕೊಂಡು ರಿಕ್ವೆಸ್ಟ್ ಎಂಬ ಮೂರನೆಯ ವಾಕ್ಯವನ್ನು ನುಡಿಯುತ್ತದೆ. ಇದನ್ನೂ ಅದು ಕೂಗಿಯೇ ಹೇಳುತ್ತದೆ. ಆರಿಸಿಕೊಂಡವನ ಕಿವಿಯಲ್ಲಿ ಹೇಳಿದರೆ ಸಾಲದೇ ಎಂಬ ಶಂಕೆಗೆ ಪರಿಹಾರವೇನೆಂದರೆ, ಉಳಿದ ಧಣಿಗಳು ಇದನ್ನು ಕೇಳಿ, ತಾವು ಕಾದಿರಿಸಿದ್ದ ಭೂಮಿಯನ್ನು ಮರಳಿ ಪಟ್ಟಿಗೆ ಸೇರಿಸಿಕೊಳ್ಳಬೇಕಾಗಿದೆ. ನಾಲ್ಕನೆಯದು ಅಕ್ ಎಂಬ ಏಕಾಕ್ಷರಪ್ರಾಯವಾದ ಅನುಮತಿ. ನಾಲ್ಕು ವಾಕ್ಯಗಳೇಕೆ, ಎರಡು ಸಾಲವೇ ಎಂದು ಅವಸರದವರು ಕೇಳಿದ್ದುಂಟು. 2005ರಲ್ಲಿ ಅವರಿಗಾಗಿ ಎರಡೇ ವಾಕ್ಯಗಳ ಉಪಸ್ಮೃತಿಯೊಂದು ಹೊರಟಿತು. ನಮಗೆ ನಾಲ್ಕೇ ಇಷ್ಟ.

ಗೇಣಿಚೀಟಿ ಕೈಸೇರಿದ ಮೇಲೆ ಕಾಲನಿಯಮವು ಆರಂಭವಾಗುತ್ತದೆ, ಈ ಶಾಸ್ತ್ರದ ಹೃದಯವೂ ಇದೇ. ಅವಧಿಯ ಅರ್ಧ ಕಳೆದ ಕೂಡಲೆ ಒಕ್ಕಲು ತನ್ನ ಧಣಿಯೊಬ್ಬನನ್ನೇ ಕಂಡು, ಗುಟ್ಟಾಗಿ, ಮುಂದುವರಿಸಬೇಕೆಂದು ಪ್ರಾರ್ಥಿಸುತ್ತದೆ. ಅವನು ಮಾತಾಡದಿದ್ದರೆ, ಎಂಟರಲ್ಲಿ ಏಳು ಭಾಗ ಕಳೆದಾಗ ಮಾನವನ್ನು ಬಿಟ್ಟು ಮತ್ತೆ ಬೀದಿಗಿಳಿದು ಯಾವ ಧಣಿಯಾದರೂ ಸರಿಯೆಂದು ಕೂಗುತ್ತದೆ. ಪೂರ್ಣಾವಧಿ ಮುಗಿದರೂ ಉತ್ತರವಿಲ್ಲವಾದರೆ ಆ ಕ್ಷಣವೇ ಒಕ್ಕಲೆದ್ದು ಮತ್ತೆ 0.0.0.0 ಆಗತಕ್ಕದ್ದು, ಕೈಯಲ್ಲಿದ್ದ ಸಿನಿಮಾ ಅರ್ಧಕ್ಕೆ ನಿಂತರೂ ದಯೆಯಿಲ್ಲ. ಎಷ್ಟೇ ಕಾಲ ಉತ್ತರೂ ಭೂಮಿ ಒಕ್ಕಲಿನದಾಗದು. ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಚಾಲಗೇಣಿದಾರರು ಡಿಕ್ಲರೇಶನ್ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ನಿಂತು, ಉಳುವವನೇ ಹೊಲದೊಡೆಯನೆಂಬ ನ್ಯಾಯದಿಂದ ಭೂಮಿ ಪಡೆದರಷ್ಟೆ. ಅಂಥ ಮಂಡಳಿಯೊಂದು ಲ್ಯಾಪ್‌ಟಾಪುಗಳಿಗೆ ಇನ್ನೂ ಸ್ಥಾಪಿತವಾಗಿಲ್ಲ. ಆದರೂ ಧಣಿಗಳಲ್ಲಿ ಹಳೆಯ ವಿಶ್ವಾಸವೆಂಬುದು ಇಲ್ಲದಿಲ್ಲ: ಹಿಂದೊಮ್ಮೆ ಇದ್ದವನು ಮರಳಿ ಬಂದರೆ, ಬೇರೆಯವರಿಗೆ ಕೊಟ್ಟಿಲ್ಲವಾದಲ್ಲಿ, ಅವನ ಹಳೆಯ ಭೂಮಿಯನ್ನೇ ಕೊಡಬೇಕೆಂದು ಸ್ಮೃತಿಯ ಸೂಚನೆಯಿದೆ. ಒಕ್ಕಲುಗಳಲ್ಲಿ ಆ ಸೌಜನ್ಯ ಕಡಮೆ. ಬಿಟ್ಟುಹೋಗುವಾಗ ರಿಲೀಸ್ ಎಂದು ಹೇಳಿಹೋಗುವ ವಿಧಿಯಿದ್ದರೂ ಬಹುಪಾಲು ಹೇಳದೆ ಕೇಳದೆ ಹೊರಟುಹೋಗುತ್ತವೆ. ಇನ್ನು ಕಚೇರಿಯ ಗೇಣಿಚೀಟಿಯನ್ನು ಮನೆಯ ರೌಟರಿನ ಮುಂದೆ ಹಿಡಿದು ಅದೇ ಭೂಮಿ ಬೇಕೆನ್ನುವ ಲ್ಯಾಪ್‌ಟಾಪುಗಳಿಗೆ ನ್ಯಾಕ್ ಎಂಬ ಕಟುವಾದ ಉತ್ತರ ಕಾದಿರುತ್ತದೆ.

ಮೂಲಗೇಣಿಯೂ ಲುಪ್ತವಾಗಿಲ್ಲ. ಅವಧಿಯ ಜಾಗದಲ್ಲಿ 32 ಬಿಟ್‌ಗಳಲ್ಲಿಯೂ 1 ಎಂದೇ ಬರೆದರೆ ಅದು ಅನಂತವೆಂದು ಗ್ರಾಹ್ಯ. ಸೆಕೆಂಡುಗಳ ಲೆಕ್ಕದಲ್ಲಿ ಆ ಸಂಖ್ಯೆಯು ಸುಮಾರು 136 ವರ್ಷಗಳಷ್ಟಾಗುತ್ತದೆ. ಅನಂತದ ಪ್ರಮಾಣವನ್ನು ಇಷ್ಟು ಖಚಿತವಾಗಿ ನಿರ್ಣಯಿಸಿದ ಶಾಸ್ತ್ರ ಮತ್ತೊಂದಿಲ್ಲ.

ಧಣಿಯ ಧಣಿತನವೂ ವಿಚಾರಣೀಯವೇ. ಮನೆಯ ರೌಟರು ಹಂಚುವ 192.168ರ ಭೂಮಿಯು 1996ರ ಶಾಸನದಿಂದ ಸಾರ್ವಜನಿಕ ಗೋಮಾಳವೆಂದು ಘೋಷಿತವಾದುದು. ಯಾರು ಬೇಕಾದರೂ ಮೇಯಿಸಬಹುದು, ಯಾರಿಗೂ ಪಟ್ಟೆಯಿಲ್ಲ. ಹೊರಗಿನ ನಿಜವಾದ ಭೂಮಿಗಾಗಿ ಎಷ್ಟೋ ಕಡೆ ಆ ರೌಟರೂ ಮೇಲಿನ ಸಂಸ್ಥೆಯ ಮುಂದೆ ಇದೇ ನಾಲ್ಕು ವಾಕ್ಯಗಳನ್ನು ನುಡಿದು ಬಂದಿರುತ್ತದೆ. ಭೂಮಂಡಲದ ಹಂಚಿಕೆಯ ಕೇಂದ್ರಭಂಡಾರವಂತೂ 2011ರ ಫೆಬ್ರವರಿ 3ರಂದೇ ಬರಿದಾಯಿತು.

ಈಗ ಕಲಿಪ್ರಕರಣ. ಒಕ್ಕಲಿಗೆ ಧಣಿಯ ದಾಖಲೆಯನ್ನು ಪರೀಕ್ಷಿಸುವ ಅಭ್ಯಾಸವಿಲ್ಲ. ಮೊದಲು ಕೈ ಚಾಚಿದವನೇ ಅದಕ್ಕೆ ಪ್ರಭು. ವಿದ್ಯಾರ್ಥಿನಿಲಯವೊಂದರಲ್ಲಿ ಇದರ ಫಲವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದು ಸಂಜೆ ಎರಡನೆಯ ಅಂತಸ್ತಿನ ಯಂತ್ರಗಳೆಲ್ಲ ಒಮ್ಮೆಗೇ ಜಾಲಭ್ರಷ್ಟವಾದುವು. ನಿಲಯದ ಭೂಮಿಯೆಲ್ಲ 10ರಿಂದ ಮೊದಲಾಗತಕ್ಕುದಾಗಿದ್ದರೂ, ಒಬ್ಬನ ಪರದೆಯ ಮೇಲೆ 192.168.0.104, ಪಕ್ಕದವನಲ್ಲಿ 105, ಹೊರದಾರಿ 192.168.0.1. ಯಾರೋ ಮಹಾನುಭಾವನು ಪೇಟೆಯಿಂದ ತಂದ ರೌಟರಿನಲ್ಲಿ, ಹೊರಗಿನ ಕೇಬಲನ್ನು ಸಿಕ್ಕಿಸಬೇಕಾದ ವ್ಯಾನ್ ರಂಧ್ರವನ್ನು ಬಿಟ್ಟು ಲ್ಯಾನ್ ರಂಧ್ರಕ್ಕೆ ಸಿಕ್ಕಿಸಿದ್ದನು. ಆ ಪುಟ್ಟ ಪೆಟ್ಟಿಗೆಯು ತಾನೇ ಧಣಿಯೆಂದು ತಿಳಿದು, ನಿಜವಾದ ಸರ್ವರಿಗಿಂತ ಹತ್ತಿರದಲ್ಲಿದ್ದುದರಿಂದ ಅದಕ್ಕಿಂತ ಬೇಗನೆ ಉತ್ತರಿಸುತ್ತ, ಅಂತಸ್ತಿಗೆಲ್ಲ ಎಲ್ಲಿಗೂ ಹೋಗದ ದಾರಿಯನ್ನು ಧಾರಾಳವಾಗಿ ಹಂಚುತ್ತಿತ್ತು. ನಕಲಿ ಧಣಿಯ ಮ್ಯಾಕ್ ಸಂಖ್ಯೆಯನ್ನು ಹಿಡಿದು, ಸ್ವಿಚ್ಚಿನ ಪಟ್ಟಿಯಲ್ಲಿ ಅದು ಯಾವ ರಂಧ್ರದ ಹಿಂದಿದೆಯೆಂದು ನೋಡಿ, ಕೋಣೆಯನ್ನು ಪತ್ತೆಮಾಡಿ, ಮೇಲ್ವಿಚಾರಕರು ಒಳಗೆ ಹೋದರು. ಮಂಚದ ಕೆಳಗೆ ರೌಟರೂ ಇತ್ತು, ಅದರ ಪಕ್ಕದಲ್ಲಿ ನಿಷಿದ್ಧವಾದ ವಿದ್ಯುತ್ ಕೆಟಲೂ ಇತ್ತು. ಅವರು ಕೆಟಲನ್ನು ಜಪ್ತಿಮಾಡಿಕೊಂಡು ವಿಜಯಿಗಳಾಗಿ ಹಿಂದಿರುಗಿದರು. ರೌಟರು ಮರುದಿನದವರೆಗೂ ರಾಜ್ಯವಾಳಿತು. ನಿಯತವಾದ ರಂಧ್ರದಿಂದ ಬಂದ ಧಣಿವಾಕ್ಯವನ್ನು ಮಾತ್ರ ಒಳಬಿಡುವ ಸ್ನೂಪಿಂಗ್ ಎಂಬ ಕಾವಲು ಸ್ವಿಚ್ಚಿನಲ್ಲಿಯೇ ಇರುತ್ತದೆ, ಯಾರಾದರೂ ಆನ್ ಮಾಡಬೇಕು.

ಬೇನಾಮಿ ಒಕ್ಕಲುಗಳ ಕಾಟ ಬೇರೆ. ಈಚಿನ ಮೊಬೈಲುಗಳು ಗುರುತು ಮರೆಸಿಕೊಳ್ಳಲು ಹೊಸ ಜಾಲಕ್ಕೊಂದು ಹೊಸ ಮ್ಯಾಕ್ ಸಂಖ್ಯೆಯನ್ನು ಧರಿಸುವುದರಿಂದ, ಧಣಿಯ ಬಳಿ ಹಳೆಯ ಒಕ್ಕಲಿನ ದಾಖಲೆಯಿದ್ದೂ ಅದು ಕೆಲವೊಮ್ಮೆ ಪ್ರಯೋಜನಕ್ಕೆ ಬಾರದು. ಸಾಧಾರಣವಾದ ಒಂದು ಜಾಲದಲ್ಲಿರುವುದು 254 ವಿಳಾಸಗಳು. ಕಲ್ಯಾಣಮಂಟಪದ ವೈಫೈಗೆ ದೀರ್ಘಾವಧಿಯ ಗೇಣಿಯನ್ನು ಇಟ್ಟವರು ಮುಹೂರ್ತದ ವೇಳೆಗೆ ಭೂಮಿಯಿಲ್ಲದೆ ಕುಳಿತಿರುತ್ತಾರೆ. ಯಾವ ಧಣಿಯೂ ದೊರೆಯದ ಅನಾಥಯಂತ್ರವು 169.254 ಎಂದು ಮೊದಲಾಗುವ ಅಂಕಿಯೊಂದನ್ನು ತಾನೇ ಹಚ್ಚಿಕೊಂಡು ಕೂರುತ್ತದೆ. ಆ ಅಂಕಿಯನ್ನು ಕಂಡವರು ರೌಟರನ್ನು ಬೈಯುವ ಮೊದಲು ಕೇಬಲನ್ನು ನೋಡಬೇಕು.

ಪ್ರಮಾಣಗ್ರಂಥಗಳಲ್ಲಿ ನಾವು ಅತ್ಯಂತ ಗೌರವಿಸುವುದು 1998ರ ಏಪ್ರಿಲ್ 1ರಂದು ಪ್ರಕಟವಾದ ಆರ್‌ಎಫ್‌ಸಿ 2322ನ್ನು. ಹಿಂದಿನ ವರ್ಷ ನೆದರ್ಲೆಂಡ್ಸಿನಲ್ಲಿ ಬಯಲಿನಲ್ಲಿ ಡೇರೆ ಹೂಡಿದ ಹ್ಯಾಕರುಗಳ ಸಮಾವೇಶದಲ್ಲಿ, ಬಟ್ಟೆ ಒಣಗಿಸುವ ಮರದ ಕ್ಲಿಪ್ಪುಗಳ ಮೇಲೆ ವಿಳಾಸಗಳನ್ನು ಬರೆದು ಬಂದವರಿಗೆ ಹಂಚಿದ ವಿಧಾನವನ್ನು ಅದು ಗಂಭೀರವಾಗಿ ನಿರೂಪಿಸುತ್ತದೆ. ಪ್ರಕಟವಾದ ದಿನಾಂಕವನ್ನು ನೋಡಿ ಇದನ್ನು ಹಾಸ್ಯವೆಂದು ತಳ್ಳಿಹಾಕುವವರಿದ್ದಾರೆ. ಕ್ಲಿಪ್ಪು ಒಂದೇ ಇರುವುದರಿಂದ ಅದೇ ಅಂಕಿಯನ್ನು ಇಬ್ಬರಿಗೆ ಕೊಡಲು ಬಾರದೆಂಬುದನ್ನೂ, ಕರೆಂಟು ಹೋದರೂ ದಾಖಲೆ ಅಳಿಯದೆಂಬುದನ್ನೂ ಅವರು ಗಮನಿಸಿದಂತಿಲ್ಲ.

ಇನ್ನು ಪಾಠಕಮಹಾಶಯರಲ್ಲಿ ಒಂದೇ ವಿಜ್ಞಾಪನೆ. ಮೊಬೈಲು, ಟಿ.ವಿ., ಅತಿಥಿಗಳ ಲ್ಯಾಪ್‌ಟಾಪು ಇವೆಲ್ಲ ಚಾಲಗೇಣಿಯಲ್ಲಿಯೇ ಸುಖವಾಗಿರಲಿ. ಆದರೆ ಮನೆಯಲ್ಲಿ ಪ್ರಿಂಟರ್ ಇದ್ದಲ್ಲಿ, ಅದರ ಬೆನ್ನಿಗೆ ಅಂಟಿಸಿರುವ ಮ್ಯಾಕ್ ಸಂಖ್ಯೆಯನ್ನು ನೋಡಿಕೊಂಡು, ರೌಟರಿನ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬಲ್ಲಿ ಅದಕ್ಕೊಂದು ಮೂಲಗೇಣಿಯನ್ನು ಬರೆದುಕೊಡತಕ್ಕದ್ದು. ಹಾಗೆ ಮಾಡದಿದ್ದಲ್ಲಿ, ಮಕ್ಕಳ ಪ್ರಾಜೆಕ್ಟನ್ನು ಒಪ್ಪಿಸಬೇಕಾದ ದಿನದ ಹಿಂದಿನ ರಾತ್ರಿ ಅದು ವಿಳಾಸವನ್ನು ಬದಲಾಯಿಸಿಯೇ ತೀರುವುದು.