ಎಡಗಾಲಿಗೆ ವಿ.ಆರ್.ಎಸ್.

ಬೆಂಗಳೂರಿನ ಯಾವ ಮದುವೆ ಮನೆಯಾದರೂ ಸರಿ, ಎರಡನೇ ಪಂಕ್ತಿಗೆ ಕಾಯುತ್ತಾ ನಿಂತ ಗಂಡಸರ ಗುಂಪಿನಲ್ಲಿ ಯಾರೋ ಹೊಸ ಕಾರು ತೆಗೆದುಕೊಂಡ ಸುದ್ದಿ ಹೊರಬಿದ್ದರೆ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಎಂಬುದು. ಎರಡನೆಯದು ಇತ್ತೀಚೆಗೆ ಸೇರಿಕೊಂಡದ್ದು: ‘ಮ್ಯಾನುಯಲ್ಲೋ, ಆಟೋಮ್ಯಾಟಿಕ್ಕೋ?’ ಮೊದಲನೆಯದಕ್ಕೆ ನಾಲ್ಕು ಕಿಲೋಮೀಟರ್ ಸೇರಿಸಿ ಹೇಳಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡನೆಯದಕ್ಕೆ ‘ಆಟೋಮ್ಯಾಟಿಕ್’ ಎಂದಿರೋ, ಗುಂಪಿನ ಹಿರಿಯರೊಬ್ಬರ ಮುಖದಲ್ಲಿ ಸಣ್ಣಗೆ ಮರುಕ ಮೂಡುತ್ತದೆ.

‘ಯಾಕಪ್ಪಾ, ಮೊಣಕಾಲು ನೋವಾ?’

ಈ ಹಿರಿಯರು ಕ್ಲಚ್ ಪಕ್ಷದ ಆಜೀವ ಸದಸ್ಯರು. ಅವರು ಕಾರು ಕಲಿತದ್ದು ಅಂಬಾಸಡರ್‌ನಲ್ಲಿ. ಅದರ ಗೇರ್ ಕಡ್ಡಿ ನೆಲದಲ್ಲಿರದೆ ಸ್ಟಿಯರಿಂಗ್ ಪಕ್ಕದಲ್ಲಿ ಚಾಚಿಕೊಂಡಿತ್ತು. ಹಾಗಾಗಿ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಅದರಲ್ಲಿ ಡ್ರೈವರನ ಜೊತೆ ಇಬ್ಬರು ದೊಡ್ಡವರು, ಅವರ ತೊಡೆಯ ಮೇಲೆ ಮಕ್ಕಳು, ಮಕ್ಕಳ ಕೈಯಲ್ಲಿ ಚಕ್ಕುಲಿ ಡಬ್ಬಿ. ಬ್ಯಾಟರಿ ಕೈಕೊಟ್ಟ ಬೆಳಿಗ್ಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ತಿರುಗಿಸುವವರ ರಟ್ಟೆಗೂ ಇಂಜಿನ್ನಿಗೂ ಅಲ್ಲೇ ಒಂದು ಕುಸ್ತಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, ಗೇರ್ ಕಡ್ಡಿ ನೆಲಕ್ಕಿಳಿದು, ಎರಡು ಬೆರಳಿಗೆ ಬಗ್ಗುವಂತಾದಾಗ ಇದೇ ಹಿರಿಯರು ‘ಇದೇನು ಕಾರೋ, ಮಕ್ಕಳ ಆಟದ ಸಾಮಾನೋ’ ಎಂದಿದ್ದರು. ಈಗ ಆಟೋಮ್ಯಾಟಿಕ್ ವಿರುದ್ಧ ಅವರು ಪರಂಪರೆಯೆಂದು ಕಾಪಾಡುತ್ತಿರುವುದು ಆ ಆಟದ ಸಾಮಾನನ್ನೇ.

ಪರಂಪರೆ ಎನ್ನುವುದಕ್ಕೆ ಕಾರಣವಿದೆ, ಏಕೆಂದರೆ ಕ್ಲಚ್ ಸುಲಭಕ್ಕೆ ಒಲಿಯುವುದಿಲ್ಲ. ಇಂಜಿನ್ ನಿಮಿಷಕ್ಕೆ ಏಳೆಂಟು ನೂರು ಸುತ್ತಿಗಿಂತ ನಿಧಾನವಾಗಿ ತಿರುಗಲಾರದು, ಇನ್ನೂ ಇಳಿಸಿದರೆ ನಿಂತೇ ಹೋಗುತ್ತದೆ. ಚಕ್ರಕ್ಕೋ ಆಗಾಗ ಪೂರ್ತಿ ನಿಲ್ಲಲೇಬೇಕು. ಇವೆರಡನ್ನೂ ಬೇಕಾದಾಗ ಬಿಡಿಸಿ, ಬೇಕಾದಾಗ ಮೆಲ್ಲಗೆ ಕೂಡಿಸುವ ಕೆಲಸ ಎಡಗಾಲಿನದು. ಆ ಕೂಡಿಸುವ ಅರೆಕ್ಷಣಕ್ಕೆ ‘ಹಾಫ್ ಕ್ಲಚ್’ ಎಂದು ಹೆಸರು. ಡ್ರೈವಿಂಗ್ ಸ್ಕೂಲಿನಲ್ಲಿ ಇದು ಬೇಗ ಬಂದಂತೆ ಕಾಣುತ್ತದೆ. ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ ಎಂಬುದು ಶಿಷ್ಯನಿಗೆ ಹೊಳೆಯುವುದು ಲೈಸೆನ್ಸ್ ಕೈಗೆ ಬಂದು, ಫ್ಲೈಓವರ್ ಏರಿನಲ್ಲಿ ಟ್ರಾಫಿಕ್ ನಿಂತು, ಹಿಂದೆ ಆಟೋದ ಮೂತಿ ಬಂಪರಿಗೆ ತಾಗುವಷ್ಟು ಹತ್ತಿರ ಬಂದಾಗ. ಆಗ ಕಾರು ಹಿಂದಕ್ಕೆ ಜಾರುತ್ತದೆ, ಹಾರ್ನುಗಳು ಶುರುವಾಗುತ್ತವೆ, ಇಂಜಿನ್ ಬಂದ್ ಬೀಳುತ್ತದೆ. ಇದನ್ನು ದಾಟಿ ಬಂದವರು ಜೀವನಪೂರ್ತಿ ಅದನ್ನು ಒಂದು ಡಿಗ್ರಿಯಂತೆ ಇಟ್ಟುಕೊಳ್ಳುವುದು ಸಹಜ. ದಾಟದೆಯೇ ಕಾರು ಓಡಿಸುವವರನ್ನು ಕಂಡರೆ ಹೊಟ್ಟೆ ಉರಿಯುವುದೂ ಸಹಜ.

ಆದರೆ ಊರು ಬದಲಾಗಿದೆ. ಜಗತ್ತಿನ ನಗರಗಳ ಸಂಚಾರವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಇದಕ್ಕಿಂತ ನಿಧಾನವಾಗಿದ್ದದ್ದು ಲಂಡನ್ ಮಾತ್ರ. ಗಂಟೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ಆ ವೇಗದಲ್ಲಿ ನಾಲ್ಕನೇ ಗೇರು, ಐದನೇ ಗೇರು ಬರೀ ಅಲಂಕಾರ. ಸಿಲ್ಕ್ ಬೋರ್ಡ್ ದಾಟುವವರೆಗೆ ಕಾಲು ಕ್ಲಚ್ಚಿನ ಮೇಲೆ, ಕೈ ಫಸ್ಟಿಗೂ ನ್ಯೂಟ್ರಲ್‌ಗೂ ನಡುವೆ, ಮನಸ್ಸು ಮನೆಯ ಕಾಫಿಯ ಮೇಲೆ.

ಕ್ಲಚ್ಚಿಲ್ಲದ ಕಾರನ್ನು ಈ ಊರು ಬಹಳ ಮೊದಲೇ ತಯಾರಿಸಿತ್ತು ಎಂಬುದು ಮದುವೆ ಮನೆಯ ಚರ್ಚೆಯಲ್ಲಿ ಯಾರ ನೆನಪಿಗೂ ಬರುವುದಿಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪುಟ್ಟ ವಿದ್ಯುತ್ ಕಾರು ರೇವಾಕ್ಕೆ ಕ್ಲಚ್ಚೂ ಇರಲಿಲ್ಲ, ಗೇರ್ ಬದಲಿಸುವ ರಗಳೆಯೂ ಇರಲಿಲ್ಲ. ಅದನ್ನು ಕಂಡು ನಮ್ಮವರು ನಕ್ಕರು. ಅದು ಜಿ-ವಿಜ್ ಎಂದು ಹೆಸರು ಬದಲಿಸಿಕೊಂಡು ಲಂಡನ್ನಿಗೆ ಹೋಗಿ ಅಲ್ಲಿನ ಬೀದಿಗಳಲ್ಲಿ ಓಡಾಡಿತು. ಟ್ರಾಫಿಕ್ಕಿನಲ್ಲಿ ಒಂದನೇ ಸ್ಥಾನದ ಊರಿಗೆ ಎರಡನೇ ಸ್ಥಾನದ ಊರು ಕಳಿಸಿದ ಉಡುಗೊರೆ ಎನ್ನಬಹುದು. ಮುಂದೆ 2006ರ ಸುಮಾರಿಗೆ ಬಿಎಂಟಿಸಿಯ ವೋಲ್ವೋ ಬಸ್ಸುಗಳು ರಸ್ತೆಗಿಳಿದವು. ಅವೂ ಆಟೋಮ್ಯಾಟಿಕ್ಕೇ. ಕ್ಲಚ್ ಪಕ್ಷದ ಎಷ್ಟೋ ಸದಸ್ಯರು ಅದರ ಎ.ಸಿ.ಯಲ್ಲಿ ನಿದ್ದೆ ಮಾಡುತ್ತಾ ಆಫೀಸಿಗೆ ಹೋದರು. ಡ್ರೈವರನ ಮೊಣಕಾಲಿನ ಬಗ್ಗೆ ಆಗ ಯಾರೂ ವಿಚಾರಿಸಲಿಲ್ಲ.

ಸ್ಕೂಟರುಗಳ ಲೋಕದಲ್ಲಂತೂ ಈ ವ್ಯಾಜ್ಯ ಇತ್ಯರ್ಥವಾಗಿ ಎಷ್ಟೋ ಕಾಲವಾಯಿತು. ಬಜಾಜ್ ಚೇತಕ್‌ನ ಕಾಲದಲ್ಲಿ ಗೃಹಸ್ಥರು ಬೆಳಿಗ್ಗೆ ಸ್ಕೂಟರನ್ನು ಒಂದು ಬದಿಗೆ ವಾಲಿಸಿ, ಹತ್ತಾರು ಕಿಕ್ ಹೊಡೆದು, ಎಡಗೈಯಲ್ಲಿ ಕ್ಲಚ್ ಹಿಡಿದು, ಅದೇ ಮಣಿಕಟ್ಟು ತಿರುಚಿ ಗೇರ್ ಹಾಕಿ ಹೊರಡುತ್ತಿದ್ದರು. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗುಂಡಿ ಒತ್ತಿದರೆ ಸ್ಟಾರ್ಟ್, ಕೈ ತಿರುಗಿಸಿದರೆ ಓಟ. ‘ಹೆಂಗಸರ ಗಾಡಿ’ ಎಂದು ಮೂಗು ಮುರಿದವರಿದ್ದರು. ರೇವಾ ಬಂದ 2001ರಲ್ಲೇ ಹೋಂಡಾ ಆಕ್ಟಿವಾ ಬಂತು. ಇಂದು ಮೂಗು ಮುರಿದವರೂ, ಅವರ ಮಕ್ಕಳೂ, ಮೊಮ್ಮಕ್ಕಳೂ ಗೇರಿಲ್ಲದ ಸ್ಕೂಟರಿನಲ್ಲೇ ಹಾಲು ತರುತ್ತಾರೆ. ಗೇರ್ ಹಾಕುವ ವಿದ್ಯೆ ಹೋಯಿತೆಂದು ಯಾರೂ ಹಾಲಿನ ಬೂತಿನ ಮುಂದೆ ಅತ್ತದ್ದಿಲ್ಲ.

ಚರಿತ್ರೆ ತೆಗೆದು ನೋಡಿದರೆ ಕ್ಲಚ್ ಪಕ್ಷಕ್ಕೆ ಇನ್ನೂ ಮುಜುಗರ. ಹಿಂದಿನ ಗೇರ್‌ಬಾಕ್ಸುಗಳಲ್ಲಿ ಒಂದು ಹಲ್ಲುಚಕ್ರ ಇನ್ನೊಂದಕ್ಕೆ ಕೂಡಬೇಕಾದರೆ ಎರಡರ ವೇಗವನ್ನೂ ಡ್ರೈವರನೇ ಹೊಂದಿಸಬೇಕಿತ್ತು. ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ಮತ್ತೆ ಒತ್ತಿ ಗೇರ್ ಹಾಕುವ ‘ಡಬಲ್ ಕ್ಲಚ್’ ಬರದವನು ಗಾಡಿ ಹತ್ತಿದರೆ ಗರಗರ ಸದ್ದು ಇಡೀ ಬೀದಿಗೆ ಕೇಳುತ್ತಿತ್ತು. ಅಮೆರಿಕದ ಅರ್ಲ್ ಥಾಂಪ್ಸನ್ ಎಂಬ ಇಂಜಿನಿಯರ್ ಈ ವೇಗ ಹೊಂದಿಸುವ ಕೆಲಸವನ್ನು ಗೇರ್‌ಬಾಕ್ಸಿಗೇ ವಹಿಸಿದ. ಅದೇ ಸಿಂಕ್ರೋಮೆಶ್. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಅದು ಬಂತು. ಇಂದಿನ ‘ಅಪ್ಪಟ’ ಮ್ಯಾನುಯಲ್ ಕಾರುಗಳೆಲ್ಲ ಈ ಉಪಕಾರದಿಂದಲೇ ಮೆತ್ತಗೆ ಗೇರ್ ಬದಲಿಸುತ್ತಿರುವುದು. ಥಾಂಪ್ಸನ್ ಅಲ್ಲಿಗೇ ನಿಲ್ಲಲಿಲ್ಲ. ಅವನ ನೇತೃತ್ವದ ತಂಡವೇ ಹೈಡ್ರಾಮ್ಯಾಟಿಕ್ ಎಂಬ ಪೂರ್ಣ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ರೂಪಿಸಿತು. ಜನರಲ್ ಮೋಟರ್ಸ್ ಅದನ್ನು ಓಲ್ಡ್ಸ್‌ಮೊಬಿಲ್‌ನ 1940ರ ಮಾಡೆಲ್‌ನಲ್ಲಿ ಮಾರಿತು. ಕ್ಲಚ್ ಪಕ್ಷಕ್ಕೂ ಆಟೋಮ್ಯಾಟಿಕ್ ಪಕ್ಷಕ್ಕೂ ಮೂಲಪುರುಷ ಒಬ್ಬನೇ ಎಂದಾಯಿತು. ದಾಯಾದಿ ಕಲಹದ ಲಕ್ಷಣಗಳೆಲ್ಲ ಆಮೇಲೆ ಬಂದದ್ದು.

‘ರೇಸಿನ ಡ್ರೈವರುಗಳನ್ನು ನೋಡಿ’ ಎನ್ನುವವರೂ ಇದ್ದಾರೆ. ನೋಡಬಹುದು. 1989ರ ಬ್ರೆಜಿಲ್ ಗ್ರಾಂಡ್ ಪ್ರೀಯಲ್ಲಿ ಫೆರಾರಿ ತಂಡ ಕ್ಲಚ್ ಪೆಡಲ್ ಒತ್ತದೆಯೇ ಸ್ಟಿಯರಿಂಗ್ ಹಿಂದಿನ ಪಟ್ಟಿಯಿಂದ ಗೇರ್ ಬದಲಿಸುವ ಕಾರನ್ನು ಮೊದಲ ಬಾರಿಗೆ ಇಳಿಸಿತು. ನೈಜೆಲ್ ಮ್ಯಾನ್ಸೆಲ್ ಅದರಲ್ಲಿ ಗೆದ್ದೇಬಿಟ್ಟ. ಕೆಲವೇ ವರ್ಷಗಳಲ್ಲಿ ಉಳಿದ ತಂಡಗಳೂ ಅದೇ ಹಾದಿ ಹಿಡಿದವು.

ಭಾರತದ ಮಧ್ಯಮ ವರ್ಗಕ್ಕೆ ಆಟೋಮ್ಯಾಟಿಕ್ಕಿನ ಬಾಗಿಲು ತೆರೆದದ್ದು 2014ರ ಫೆಬ್ರವರಿಯಲ್ಲಿ, ಮಾರುತಿ ಸೆಲೆರಿಯೊ ಮೂಲಕ. ಅದರ ಎ.ಎಂ.ಟಿ. ಹೊಸ ಗೇರ್‌ಬಾಕ್ಸೇನಲ್ಲ. ಒಳಗಿರುವುದು ಅದೇ ಹಳೆಯ ಕ್ಲಚ್ಚು, ಅದೇ ಹಳೆಯ ಗೇರು. ಅದನ್ನು ಒತ್ತಿ ಬಿಡುವ, ಹಾಕಿ ತೆಗೆಯುವ ಕೆಲಸಕ್ಕೆ ಮಾತ್ರ ಕಂಪ್ಯೂಟರಿನ ಮಾತು ಕೇಳುವ ಯಂತ್ರವನ್ನು ನೇಮಿಸಲಾಗಿದೆ. ಹೆಚ್ಚು ದುಡ್ಡು ಬೇಡ, ಮೈಲೇಜೂ ಬಹುಪಾಲು ಹಾಗೇ ಉಳಿಯುತ್ತದೆ. ಹಾಗಾಗಿ ‘ಎಷ್ಟು ಕೊಡುತ್ತೆ’ ಎಂಬ ಪ್ರಶ್ನೆಗೂ ತಲೆ ತಗ್ಗಿಸಬೇಕಿಲ್ಲ. ಒಂದೇ ಕೊರತೆಯೆಂದರೆ ಗೇರ್ ಬದಲಾಗುವಾಗ ಯಂತ್ರ ಒಂದು ಕ್ಷಣ ಯೋಚಿಸುತ್ತದೆ. ಆಗ ಒಳಗೆ ಕೂತವರೆಲ್ಲ ರಾಮನವಮಿ ಕಚೇರಿಯ ಮೊದಲ ಸಾಲಿನ ರಸಿಕರಂತೆ ಒಟ್ಟಿಗೆ ತಲೆದೂಗುತ್ತಾರೆ. ಇದು ಬೇಡವೆಂದರೆ ಎರಡು ರಾಟೆಗಳ ನಡುವೆ ಬೆಲ್ಟ್ ಓಡುವ ಸಿ.ವಿ.ಟಿ. ಇದೆ, ಎಣ್ಣೆಯ ಸುಳಿಯಿಂದ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇದೆ, ಎರಡೆರಡು ಕ್ಲಚ್ಚಿನ ಡಿ.ಸಿ.ಟಿ. ಇದೆ. ಜೇಬು ಇದ್ದಷ್ಟು ನಯ. ಅದೇ 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಹಿರಿಯರು ಇದನ್ನು ಕಾಕತಾಳೀಯವೆಂದು ಒಪ್ಪುವುದಿಲ್ಲ.

ಹಿರಿಯರ ಮಾತಿಗೆ ತೂಕ ಬರುವುದು ಘಟ್ಟ ಇಳಿಯುವಾಗ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಬರೀ ಬ್ರೇಕ್ ನಂಬಿ ಇಳಿದರೆ ಸೋಮೇಶ್ವರ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ ಕಾರಿನೊಳಗೂ ಬರುತ್ತದೆ. ಎರಡನೇ ಗೇರಿಗೆ ಹಾಕಿ ಇಂಜಿನ್ನೇ ಕಾರನ್ನು ಹಿಡಿದೆಳೆಯುವಂತೆ ಮಾಡುವುದು ಬಲ್ಲವರ ಕ್ರಮ. ಆಟೋಮ್ಯಾಟಿಕ್ ಕಾರುಗಳಲ್ಲೂ ಇದಕ್ಕಾಗಿ ಎಲ್ ಎಂದೋ, ಎಂ ಎಂದೋ ಒಂದು ಜಾಗವಿರುತ್ತದೆ. ಅದು ಏತಕ್ಕೆಂದು ಬರೆದಿರುವ ಪುಸ್ತಕ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹರಿಯದೆ ಭದ್ರವಾಗಿರುತ್ತದೆ.

ಇನ್ನೊಂದು ನಷ್ಟ ಸಾಮಾಜಿಕವಾದದ್ದು. ಬ್ಯಾಟರಿ ಸತ್ತ ಮ್ಯಾನುಯಲ್ ಕಾರನ್ನು ನಾಲ್ಕು ಜನ ತಳ್ಳಿ, ಒಳಗಿದ್ದವನು ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಬಹುದಿತ್ತು. ಗುರುತು ಪರಿಚಯವಿಲ್ಲದವರು ಬೀದಿಯಲ್ಲಿ ಒಂದಾಗಿ ‘ಹೂಂ, ಇನ್ನೊಂದ್ಸಲ’ ಎನ್ನುವ ಅವಕಾಶ ಅದು. ಆಟೋಮ್ಯಾಟಿಕ್ಕಿಗೆ ತಳ್ಳಾಟ ನಡೆಯುವುದಿಲ್ಲ. ಫೋನ್ ಮಾಡಿ ಕಾಯಬೇಕು.

ಕೆಲಸ ಕಳೆದುಕೊಂಡ ಎಡಗಾಲು ಮೊದಲ ಕೆಲವು ವಾರ ಸುಮ್ಮನಿರುವುದಿಲ್ಲ. ಸಿಗ್ನಲ್ ಬಂದಾಗ ಹಳೆಯ ಅಭ್ಯಾಸದಿಂದ ಕ್ಲಚ್ ಹುಡುಕಿ, ಅಗಲವಾದ ಬ್ರೇಕ್ ಪೆಡಲ್ ಸಿಕ್ಕಿ, ಅದನ್ನೇ ಕ್ಲಚ್ಚೆಂದು ನೆಲಮುಟ್ಟ ಒತ್ತುತ್ತದೆ. ಹಿಂದಿನ ಸೀಟಿನ ಅಜ್ಜಿ ಮುಂದಿನ ಸೀಟಿಗೆ ಬರುತ್ತಾರೆ. ಇದರ ತಿರುವುಮುರುವು ಡಿಸೆಂಬರ್ ರಜೆಗೆ ನ್ಯೂಜೆರ್ಸಿಯಿಂದ ಬರುವ ಮಗನದು. ಅಮೆರಿಕದಲ್ಲಿ ಕಾರು ಕದಿಯಲು ಹೋದ ಕಳ್ಳರು ಕ್ಲಚ್ ಕಂಡು ಬಿಟ್ಟು ಓಡಿದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅಲ್ಲೇ ಹತ್ತಾರು ವರ್ಷ ಬಾಳಿದ ಮಗನೂ ತವರಿನ ಸ್ವಿಫ್ಟ್ ಹತ್ತಿದಾಗ ಕಳ್ಳರ ಸ್ಥಿತಿಯಲ್ಲೇ ಇರುತ್ತಾನೆ. ಗೇಟು ದಾಟುವ ಮೊದಲೇ ಇಂಜಿನ್ ಎರಡು ಸಲ ನಿಲ್ಲುತ್ತದೆ. ‘ನೀನು ಈ ಕಡೆ ಬಾರೋ’ ಎಂದು ಅಮ್ಮ ಸೀಟು ಬದಲಿಸಿ ಬಸವನಗುಡಿವರೆಗೆ ತಾವೇ ಓಡಿಸುತ್ತಾರೆ.

ಕಾನೂನು ಈ ಜಗಳದಲ್ಲಿ ವಿಚಿತ್ರ ನಿಲುವು ತಳೆದಿದೆ. 1988ರ ಮೋಟಾರು ವಾಹನ ಕಾಯ್ದೆ ದ್ವಿಚಕ್ರಕ್ಕೆ ಗೇರ್ ಇರುವ, ಗೇರ್ ಇಲ್ಲದ ಎಂದು ಬೇರೆ ಬೇರೆ ವರ್ಗ ಮಾಡಿದೆ. ಕಾರಿಗೆ ಬಂದರೆ ಲಘು ಮೋಟಾರು ವಾಹನ ಎಂಬ ಒಂದೇ ವರ್ಗ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಪಾಸಾದವರು ಮ್ಯಾನುಯಲ್ ಮುಟ್ಟುವಂತಿಲ್ಲ. ಹಿರಿಯರಿಗೆ ಬ್ರಿಟಿಷರ ಈ ಒಂದು ಕಾನೂನು ಮಾತ್ರ ತುಂಬಾ ಇಷ್ಟ.

ಇಷ್ಟೆಲ್ಲ ಆಗುವಾಗ ವಿದ್ಯುತ್ ಕಾರುಗಳು ಬಂದು ಗೇರ್‌ಬಾಕ್ಸಿನ ಬುಡಕ್ಕೇ ಕೈ ಹಾಕಿವೆ. ಮೋಟಾರು ಸೊನ್ನೆ ವೇಗದಿಂದಲೇ ಎಳೆಯಬಲ್ಲದು, ಆದ್ದರಿಂದ ಕೂಡಿಸಿ ಬಿಡಿಸುವ ಪಂಚಾಯಿತಿಯೇ ಇಲ್ಲ. ತಮಾಷೆಯೆಂದರೆ ಓಡಿಸುವವರಿಗೆ ಬೇಸರವಾಗುತ್ತದೆಂದು ಹ್ಯುಂಡೈ ಕಂಪನಿ 2023ರಲ್ಲಿ ತಂದ ಅಯಾನಿಕ್ 5 ಎನ್ ಎಂಬ ವಿದ್ಯುತ್ ಕಾರಿನಲ್ಲಿ ಎಂಟು ಗೇರುಗಳ ನಟನೆಯನ್ನು ಸಾಫ್ಟ್‌ವೇರಿನಿಂದ ಕೂರಿಸಿದ್ದಾರೆ. ಇಲ್ಲದ ಗೇರು ಬದಲಾದಾಗ ಸ್ಪೀಕರಿನಿಂದ ಇಂಜಿನ್ ಸದ್ದು ಬರುತ್ತದೆ, ಕಾರು ಬೇಕೆಂದೇ ಒಂದು ಜರ್ಕ್ ಹೊಡೆಯುತ್ತದೆ. ಮದುವೆ ಮನೆಯಲ್ಲಿ ಮೊಬೈಲಿನಲ್ಲಿ ಇದರ ವಿಡಿಯೊ ತೋರಿಸಿದ ಹುಡುಗನಿಗೆ ಹಿರಿಯರು ಕನ್ನಡಕ ಏರಿಸಿ ಕೇಳುವುದು ಒಂದೇ ಮಾತು: ‘ಈ ಜರ್ಕಿಗೆ ಎಷ್ಟು ಜಾಸ್ತಿ ಕೊಡಬೇಕಂತೆ?’